ಯುರೋಪ್ ವೀಸಾ ಗ್ಯಾರಂಟಿ ಅಂತಾರೆ, ದುಡ್ಡು ಕೊಡಬಹುದಾ?

ಪ್ರಶ್ನೆ: ನಮ್ಮದು ಗೋಣಿಕೊಪ್ಪ ಹತ್ತಿರ ಕಾಫಿ ತೋಟ. ಮೇ ತಿಂಗಳಲ್ಲಿ ಅಪ್ಪ ಅಮ್ಮನನ್ನು ಫ್ರಾನ್ಸ್, ಸ್ವಿಟ್ಜರ್ಲೆಂಡ್ ಕಡೆ ಕರೆದುಕೊಂಡು ಹೋಗಬೇಕು. ಏಜೆಂಟ್ ಒಬ್ಬರು ತಲೆಗೆ 60 ಸಾವಿರ ಕೊಟ್ಟರೆ ವೀಸಾ ಗ್ಯಾರಂಟಿ, ಪೇಪರ್ ಎಲ್ಲ ನಾವೇ ಮಾಡಿಸ್ತೀವಿ, ಪಾಸ್‌ಪೋರ್ಟ್ ಈಗಲೇ ಕೊಡಿ ಅಂತಿದ್ದಾರೆ. ನಂಬಬಹುದಾ?

ಉತ್ತರ: ಬೇಡ, ಕೊಡಬೇಡಿ.

ಮಡಿಕೇರಿಯಲ್ಲಿ ಟಿಕೆಟ್ ಬುಕಿಂಗ್, ವೀಸಾ ಫಾರ್ಮ್ ತುಂಬಿಸುವ ಕೆಲಸ ನನ್ನದು. ಹಾಗಾಗಿ ಏಜೆಂಟರೆಲ್ಲ ಕಳ್ಳರು ಅಂತ ನಾನು ಹೇಳುವುದಿಲ್ಲ, ನನ್ನ ಹೊಟ್ಟೆಪಾಡೂ ಅದೇ ಅಲ್ವಾ! ಆದರೆ ವೀಸಾ ಕೊಡುವುದು, ಬಿಡುವುದು ಕಾನ್ಸುಲೇಟ್ ಕೈಯಲ್ಲಿದೆ. ಬೆಂಗಳೂರಿನ ವಿಎಫ್‌ಎಸ್ ಸೆಂಟರ್ (ವೀಸಾ ಅರ್ಜಿ ಸ್ವೀಕರಿಸುವ ಖಾಸಗಿ ಕಂಪನಿಯದು) ಕೂಡ ಅರ್ಜಿ ಪಡೆದು ಕಳಿಸುತ್ತದೆ ಅಷ್ಟೆ. ಗ್ಯಾರಂಟಿ ಕೊಡುವವರು ತಮ್ಮ ಬಳಿ ಇಲ್ಲದ್ದನ್ನು ಮಾರುತ್ತಿದ್ದಾರೆ.

ಲೆಕ್ಕ ನೋಡಿ. ದೊಡ್ಡವರಿಗೆ ಷೆಂಗೆನ್ ವೀಸಾ (ಫ್ರಾನ್ಸ್, ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಶುಲ್ಕ 2024ರ ಜೂನ್‌ನಿಂದ 90 ಯೂರೋ. ನಮ್ಮ ದುಡ್ಡಲ್ಲಿ ಹತ್ತು ಸಾವಿರದ ಆಸುಪಾಸು. ಅದರ ಮೇಲೆ ವಿಎಫ್‌ಎಸ್ ಸೇವಾ ಶುಲ್ಕ ಮತ್ತು ಟ್ರಾವೆಲ್ ಇನ್ಶೂರೆನ್ಸ್. ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರ್ ಇರಬೇಕು. ಫಾರ್ಮ್ ತುಂಬಿಸಿದ್ದಕ್ಕೆ ಏಜೆಂಟ್ ಒಂದಿಷ್ಟು ಕೇಳಿದರೆ ನ್ಯಾಯ. ಉಳಿದದ್ದು ಯಾವುದಕ್ಕೆ ಅಂತ ಬಿಡಿಸಿ ಬರೆದುಕೊಡಲು ಹೇಳಿ. ಬಿಲ್ ಕೇಳಿದ ಕೂಡಲೇ ಕೆಲವರ ಫೋನ್ ಸ್ವಿಚ್ ಆಫ್ ಆಗುತ್ತದೆ.

ನಿಜವಾದ ಅಪಾಯ ಇರುವುದು "ಪೇಪರ್ ನಾವೇ ಮಾಡಿಸ್ತೀವಿ" ಅನ್ನುವ ಮಾತಲ್ಲಿ. ನಮ್ಮ ಬೆಳೆಗಾರರು ಸಿಕ್ಕಿಬೀಳುವುದೇ ಇಲ್ಲಿ. ತೋಟ ಇರುತ್ತದೆ, ದುಡ್ಡೂ ಇರುತ್ತದೆ, ಆದರೆ ಸಂಬಳದ ಸ್ಲಿಪ್ ಇಲ್ಲ. ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲದ ಕಾರಣ ಎಷ್ಟೋ ಜನ ರಿಟರ್ನ್ ಹಾಕಿಯೇ ಇರುವುದಿಲ್ಲ. ಜಮ್ಮ ಜಾಗ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಕುಟುಂಬದ ಜಮೀನು) ಆದರೆ ಆರ್‌ಟಿಸಿಯಲ್ಲಿ ಪಟ್ಟೆದಾರರ, ಅಂದರೆ ಮನೆತನದ ಹಿರಿಯರ ಹೆಸರು ಮುಂದೆ, ನಿಮ್ಮದು ಎಲ್ಲೋ ಹಿಂದೆ. ಏಜೆಂಟ್ ಇದನ್ನೆಲ್ಲ ನೋಡಿ "ಇದು ನಡೆಯಲ್ಲ" ಅಂತ ಹೆದರಿಸಿ, ಯಾವುದೋ ಕಂಪನಿಯ ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ತಯಾರು ಮಾಡುತ್ತಾನೆ. ಸಹಿ ನಿಮ್ಮದು. ಸಿಕ್ಕಿಬಿದ್ದರೆ ರಿಜೆಕ್ಟ್ ಆಗುವುದೂ ನಿಮ್ಮ ಅರ್ಜಿಯೇ. ಆ ದಾಖಲೆ ಷೆಂಗೆನ್ ದೇಶಗಳು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ 5 ವರ್ಷದವರೆಗೆ ಉಳಿಯುತ್ತದೆ.

ಇದ್ದದ್ದನ್ನೇ ತೋರಿಸಿ, ಸಾಕು. ಆರ್‌ಟಿಸಿ, ಕಾಫಿ ಮತ್ತು ಕರಿಮೆಣಸು ಮಾರಿದ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್. ಜೊತೆಗೆ ಒಂದು ಪುಟದ ಪತ್ರ ಬರೆಯಿರಿ. ಕೊಯ್ಲು ಮುಗಿದ ಮೇಲೆ ನಮಗೆ ಹಣ ಒಟ್ಟಿಗೆ ಬರುತ್ತದೆ, ಆ ದೊಡ್ಡ ಜಮೆ ಇಂಥ ಬಿಲ್‌ನದು, ಜಾಗ ಒಕ್ಕದ್ದು (ಇಡೀ ಮನೆತನದ್ದು), ಅದರಲ್ಲಿ ನಮ್ಮ ಪಾಲು ಇಷ್ಟು ಅಂತ. ಪತ್ರ ಇಲ್ಲದಿದ್ದರೆ ಒಮ್ಮೆಲೆ ಬಂದ ಹಣ ಅಧಿಕಾರಿಗೆ ಸಾಲ ತಂದು ಹಾಕಿದ ಹಾಗೆ ಕಾಣುತ್ತದೆ. ಈ ಪತ್ರ ಬರೆಯಲು ಯಾರಿಗೂ 60 ಸಾವಿರ ಕೊಡಬೇಕಿಲ್ಲ.

ಪಾಸ್‌ಪೋರ್ಟ್ ಈಗ ಕೊಡಲೇಬೇಡಿ. ಕೊಟ್ಟರೆ ಅದು ಒತ್ತೆ ಇಟ್ಟ ಹಾಗೆ, ಮನಸ್ಸು ಬದಲಾಯಿಸಿದರೆ ವಾಪಸ್ ಪಡೆಯಲು ಅಲೆಯಬೇಕು. ಮೊದಲ ಸಲ ಹೋಗುವವರು ಬೆರಳಚ್ಚು ಕೊಡಲು ಹೇಗಿದ್ದರೂ ಸ್ವತಃ ಸೆಂಟರ್‌ಗೆ ಹೋಗಬೇಕು. ಪಾಸ್‌ಪೋರ್ಟ್ ಅವತ್ತು ಅಲ್ಲೇ ಕೊಟ್ಟರಾಯಿತು. "ನೀವು ಬರುವುದೇ ಬೇಡ" ಅಂದರೆ ಅದೂ ಸುಳ್ಳು.

ಇನ್ನೊಂದು ದಂಧೆ ಸ್ಲಾಟ್, ಅಂದರೆ ಸೆಂಟರ್‌ನ ಅಪಾಯಿಂಟ್‌ಮೆಂಟ್ ಮಾರುವುದು. ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲು ಹೋಗೋಣ ಅಂತ ನಾವು ಅಂದುಕೊಳ್ಳುವ ಹೊತ್ತಿಗೇ ದೇಶದ ಅರ್ಧ ಜನಕ್ಕೂ ಬೇಸಿಗೆ ರಜೆ. ಆಗ ಸ್ಲಾಟ್ ಸಿಗದೆ ಏಜೆಂಟ್ ಹೇಳಿದ್ದೇ ರೇಟ್. ಪ್ರಯಾಣಕ್ಕೆ 6 ತಿಂಗಳ ಮೊದಲೇ ಅರ್ಜಿ ಹಾಕಬಹುದು. ಮೇ ತಿಂಗಳ ಪ್ರವಾಸಕ್ಕೆ ನವೆಂಬರ್‌ನಲ್ಲೇ ಶುರು ಮಾಡಿ. ವಿಎಫ್‌ಎಸ್ ಸೈಟ್‌ಗೆ ಗೂಗಲ್ ಜಾಹೀರಾತಿನಿಂದ ಹೋಗಬೇಡಿ, ರಾಯಭಾರ ಕಚೇರಿಯ ಸೈಟ್‌ನಲ್ಲಿರುವ ಲಿಂಕ್ ಹಿಡಿದು ಹೋಗಿ. ಜಾಸ್ತಿ ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು, "ಇನ್ನೊಂದು ದೇಶದಲ್ಲಿ ಸುಲಭ" ಅನ್ನುವ ಸಲಹೆ ಕೇಳಬೇಡಿ.

ಮೋಸ ವೀಸಾದಲ್ಲಿ ಮಾತ್ರ ಅಲ್ಲ. 2025ರ ಮೇ 1ರಿಂದ ಥಾಯ್ಲೆಂಡ್‌ಗೆ ಹೋಗುವವರು ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಅದು ಪೂರ್ತಿ ಉಚಿತ, ಆದರೂ ಸರ್ಕಾರಿ ಸೈಟ್ ಥರ ಕಾಣುವ ಸೈಟುಗಳು ಸುಮ್ನೆ ಡಾಲರ್ ಕೀಳುತ್ತವೆ.

ಮನೆಯಲ್ಲಿ ಯಾರಿಗಾದರೂ ಹೊರದೇಶದ ಕೆಲಸ ಕೊಡಿಸುತ್ತೇನೆ ಅಂತ ಅದೇ ಏಜೆಂಟ್ ಹೇಳಿದರೆ, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಸೈಟ್‌ನಲ್ಲಿ ಅವನ ಹೆಸರು ಇದೆಯಾ ನೋಡಿ. ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಮಾಡಿ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಅಡ್ವಾನ್ಸ್ ಕೊಟ್ಟಾಗಿದ್ದರೆ ಚಾಟ್, ಯುಪಿಐ ರಸೀದಿ ಯಾವುದನ್ನೂ ಅಳಿಸಬೇಡಿ. ಆನ್‌ಲೈನ್‌ನಲ್ಲಿ ಹಣ ಕಳಿಸಿ ಮೋಸ ಅಂತ ಗೊತ್ತಾದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದರೆ ಆ ಖಾತೆಯಲ್ಲಿ ಹಣ ತಡೆಹಿಡಿಯುವ ಅವಕಾಶ ಜಾಸ್ತಿ. ಆಮೇಲೆ ಠಾಣೆಗೆ ಹೋಗಿ ದೂರು ಕೊಡಿ.