ದ್ವೀಪದಿಂದ ದ್ವೀಪಕ್ಕೆ: ಥಾಯ್ಲೆಂಡ್ ಪ್ರವಾಸ ಕುರಿತ ಓದುಗರ ಪ್ರಶ್ನೆಗಳು

ಗೆಳೆಯರ ಗುಂಪು ಕಟ್ಟಿಕೊಂಡು ಕಡಿಮೆ ಖರ್ಚಿನಲ್ಲಿ ಥಾಯ್ಲೆಂಡಿನ ದ್ವೀಪಗಳನ್ನು ಸುತ್ತುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ದರಗಳೆಲ್ಲ ಬಹ್ತ್‌ನಲ್ಲಿವೆ, ಎಲ್ಲವೂ ಅಂದಾಜು.

ಪ್ರಶ್ನೆ: ನಾವು ನಾಲ್ವರು. ಆಗಸ್ಟ್‌ನಲ್ಲಿ ಹತ್ತು ದಿನ ರಜೆ ಸಿಕ್ಕಿದೆ. ಫುಕೆಟ್, ಫಿಫಿ, ಲಾಂಟಾ, ಟಾವ್, ಫಂಗನ್, ಸಮೂಯಿ ಎಂದು ಆರು ದ್ವೀಪಗಳ ಪಟ್ಟಿ ಮಾಡಿದ್ದೇವೆ. ಆಗುತ್ತದೆಯೇ?

ಮೊದಲ ಮೂರನ್ನು ಪಟ್ಟಿಯಿಂದ ತೆಗೆದುಬಿಡಿ. ಫುಕೆಟ್, ಫಿಫಿ, ಲಾಂಟಾ ಇರುವುದು ಪಶ್ಚಿಮದ ಅಂಡಮಾನ್ ಸಮುದ್ರದಲ್ಲಿ. ಟಾವ್, ಫಂಗನ್, ಸಮೂಯಿ ಇರುವುದು ಪೂರ್ವದ ಥಾಯ್ಲೆಂಡ್ ಕೊಲ್ಲಿಯಲ್ಲಿ. ನಕ್ಷೆಯಲ್ಲಿ ನಡುವಿನ ನೆಲ ಕಿರಿದಾಗಿ ಕಾಣುತ್ತದೆ. ಆದರೆ ಆ ಕಡೆಯಿಂದ ಈ ಕಡೆಗೆ ಬರಲು ದೋಣಿ, ಬಸ್ಸು, ಮತ್ತೆ ದೋಣಿ ಎಂದು ಒಂದು ಹಗಲು ಪೂರ್ತಿ ಹೋಗುತ್ತದೆ.

ಅದಕ್ಕಿಂತ ದೊಡ್ಡ ಕಾರಣ ಹವಾಮಾನ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೈಋತ್ಯ ಮಾರುತ ಅಂಡಮಾನ್ ದಂಡೆಗೆ ನೇರವಾಗಿ ಬಡಿಯುತ್ತದೆ. ಆಗ ಲಾಂಟಾದತ್ತ ಹೋಗುವ ಪ್ರಯಾಣಿಕ ದೋಣಿಗಳಲ್ಲಿ ಹಲವು ನಿಂತಿರುತ್ತವೆ. ಸಿಮಿಲಾನ್ ದ್ವೀಪಗಳ ರಾಷ್ಟ್ರೀಯ ಉದ್ಯಾನ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತದೆ. ಫಿಫಿಯ ಹೆಸರಾಂತ ಮಾಯಾ ಕೊಲ್ಲಿಗೆ ಆಗಸ್ಟ್, ಸೆಪ್ಟೆಂಬರ್ ಎರಡೂ ತಿಂಗಳು ಪ್ರವೇಶವಿಲ್ಲ. ಹವಳ ಹಾಳಾಯಿತೆಂದು 2018ರಲ್ಲಿ ಮುಚ್ಚಿ 2022ರ ಜನವರಿಯಲ್ಲಿ ಮತ್ತೆ ತೆರೆದ ಜಾಗವದು. ವರ್ಷಕ್ಕೊಮ್ಮೆ ಅದಕ್ಕೆ ವಿಶ್ರಾಂತಿ ಕೊಡುವುದು ಸರಿಯಾಗಿಯೇ ಇದೆ. ಪೂರ್ವದ ಕೊಲ್ಲಿಗೆ ಜೋರು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ನವೆಂಬರ್‌ನಲ್ಲಿ ಅತಿ ಹೆಚ್ಚು. ಹಾಗಾಗಿ ಆಗಸ್ಟ್‌ಗೆ ಕೊಲ್ಲಿಯೇ ಸರಿ. ನಿಮ್ಮ ರಜೆ ಡಿಸೆಂಬರ್‌ನಲ್ಲಿ ಇದ್ದಿದ್ದರೆ ಇದೇ ಉತ್ತರ ತಿರುಗುಮುರುಗಾಗುತ್ತಿತ್ತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಎರಡೂ ಕಡೆ ಸಮುದ್ರ ಶಾಂತ.

ಉಳಿದ ಮೂರರಲ್ಲೂ ಎರಡನ್ನೇ ಇಟ್ಟುಕೊಳ್ಳಿ ಎನ್ನುವುದು ನಮ್ಮ ಸಲಹೆ. ದ್ವೀಪ ಬದಲಿಸಿದ ದಿನ ಅರ್ಧ ದಿನ ಹೋಯಿತೆಂದೇ ಲೆಕ್ಕ. ಹನ್ನೊಂದಕ್ಕೆ ಕೋಣೆ ಬಿಡಬೇಕು, ದೋಣಿಗೆ ಅರ್ಧ ಗಂಟೆ ಮೊದಲೇ ಜೆಟ್ಟಿಯಲ್ಲಿರಬೇಕು, ಇಳಿದ ಮೇಲೆ ಸೊಂಗ್‌ತಾವ್ (ಹಿಂದೆ ಎರಡು ಬೆಂಚು ಹಾಕಿದ ಪಿಕಪ್ ವಾಹನ) ತುಂಬುವವರೆಗೆ ಕಾಯಬೇಕು, ಹೊಸ ಕೋಣೆ ಸಿಗುವುದು ಎರಡು ಗಂಟೆಗೆ. ಒಂದು ದ್ವೀಪಕ್ಕೆ ಮೂರು ರಾತ್ರಿಗಿಂತ ಕಡಿಮೆ ಇಟ್ಟರೆ ನೋಡುವುದಕ್ಕಿಂತ ಮೂಟೆ ಹೊರುವುದೇ ಹೆಚ್ಚಾಗುತ್ತದೆ.

ಹೀಗೆ ಮಾಡಿ. ಮೊದಲ ದಿನ ಬ್ಯಾಂಕಾಕ್‌ನಲ್ಲಿ ಇಳಿದು ಅದೇ ರಾತ್ರಿ ಕ್ರುಂಗ್ ಥೇಪ್ ಅಫಿವತ್ ನಿಲ್ದಾಣದಿಂದ ಚುಂಫೊನ್‌ಗೆ ಸ್ಲೀಪರ್ ರೈಲು ಹಿಡಿಯಿರಿ. ದಕ್ಷಿಣಕ್ಕೆ ಹೋಗುವ ದೂರದ ರೈಲುಗಳು 2023ರಿಂದ ಹಳೆಯ ಹುವಾ ಲಂಫೊಂಗ್ ಬಿಟ್ಟು ಇಲ್ಲಿಂದ ಹೊರಡುತ್ತವೆ; ಹಳೆಯ ಪುಸ್ತಕ ನಂಬಿ ಅಲ್ಲಿಗೆ ಹೋಗಿ ರೈಲು ತಪ್ಪಿಸಿಕೊಳ್ಳಬೇಡಿ. ಬೆಳಗ್ಗೆ ಚುಂಫೊನ್‌ನಿಂದ ಟಾವ್‌ಗೆ ವೇಗದ ಕ್ಯಾಟಮರಾನ್‌ನಲ್ಲಿ (ಜೋಡಿ ಒಡಲಿನ ದೋಣಿ) ಎರಡು ಗಂಟೆಯ ಒಳಗಿನ ದಾರಿ. ಟಾವ್‌ನಲ್ಲಿ ನಾಲ್ಕು ರಾತ್ರಿ, ಫಂಗನ್‌ನಲ್ಲಿ ಮೂರು ರಾತ್ರಿ. ಒಂಬತ್ತನೇ ದಿನ ಬೆಳಗ್ಗೆ ಫಂಗನ್‌ನಿಂದ ಡೊನ್‌ಸಾಕ್ ಜೆಟ್ಟಿಗೆ ದೊಡ್ಡ ಫೆರ್ರಿ, ಅಲ್ಲಿಂದ ಬಸ್ಸಿನಲ್ಲಿ ಸೂರತ್ ಥಾನಿ, ರಾತ್ರಿ ರೈಲು. ಹತ್ತನೇ ದಿನ ರಾತ್ರಿಯ ವಿಮಾನ. ದೋಣಿ ಹೊರಡದಿದ್ದರೆ ಸುಧಾರಿಸಿಕೊಳ್ಳಲು ಕೊನೆಯಲ್ಲಿ ಒಂದು ಹಗಲು ಕೈಯಲ್ಲಿ ಉಳಿಯುತ್ತದೆ. ದ್ವೀಪದಿಂದ ಹೊರಟ ದಿನವೇ ಊರಿನ ವಿಮಾನ ಹತ್ತುವ ಯೋಜನೆ ಯಾವ ಕಾಲಕ್ಕೂ ಬೇಡ.

ಫಂಗನ್‌ಗೆ ಹೋಗುವ ತಾರೀಕು ಹುಣ್ಣಿಮೆಗೆ ಬೀಳುತ್ತದೆಯೇ ನೋಡಿಕೊಳ್ಳಿ. ದಂಡೆಯ ಮೇಲೆ ರಾತ್ರಿಯಿಡೀ ನಡೆಯುವ ಹುಣ್ಣಿಮೆಯ ಕೂಟಕ್ಕೆ (ಫುಲ್ ಮೂನ್ ಪಾರ್ಟಿ) ಸಾವಿರಾರು ಜನ ಸೇರುವುದರಿಂದ ಆ ದಿನಗಳಲ್ಲಿ ಬಾಡಿಗೆ ಏರುತ್ತದೆ, ಇಂತಿಷ್ಟು ರಾತ್ರಿ ಉಳಿಯಲೇಬೇಕು ಎಂಬ ಷರತ್ತೂ ಬರುತ್ತದೆ. ಕೂಟ ಬೇಡವಾದವರು ಆ ವಾರ ಟಾವ್‌ನಲ್ಲೇ ಇರಿ.

ಪ್ರಶ್ನೆ: ತಲೆಗೆ ಎಷ್ಟು ಖರ್ಚು ಬರಬಹುದು? ಎಲ್ಲಿ ಉಳಿಸಬಹುದು?

ಮೇಲಿನ ದಾರಿಯನ್ನೇ ಹಿಡಿದು ಒಬ್ಬರ ಲೆಕ್ಕ ಹಾಕೋಣ. ಇಬ್ಬರಿಗೊಂದು ಫ್ಯಾನ್ ಕೋಣೆ ಎಂದರೆ ತಲೆಗೆ ರಾತ್ರಿಗೆ 400ರಂತೆ ಏಳು ರಾತ್ರಿಗೆ 2,800. ಊಟ ದಿನಕ್ಕೆ 400ರಂತೆ 4,000. ಮೂರು ದೋಣಿ, ಜೊತೆಗಿನ ಬಸ್ಸು ಸೇರಿ 1,900. ಎರಡು ಸ್ಲೀಪರ್ ಟಿಕೆಟ್ 1,800. ಸ್ಕೂಟರ್, ಸೊಂಗ್‌ತಾವ್ 1,200. ಟಾವ್ ಸುತ್ತ ಒಂದು ದಿನದ ಸ್ನಾರ್ಕೆಲಿಂಗ್ (ಮಾಸ್ಕ್, ಉಸಿರಿನ ಕೊಳವೆ ಹಾಕಿ ತೇಲುತ್ತ ನೀರಿನೊಳಗೆ ನೋಡುವುದು) ದೋಣಿ 900. ಒಟ್ಟು 12,600. ಕೈಯಲ್ಲಿ 14,000 ಇರಲಿ. ವಿಮಾನ, ವಿಮೆ, ಡೈವಿಂಗ್ ಇದರಲ್ಲಿ ಸೇರಿಲ್ಲ.

ಜನ ಕೋಣೆಯಲ್ಲಿ ನೂರು ಬಹ್ತ್ ಉಳಿಸಲು ಗಂಟೆಗಟ್ಟಲೆ ಹುಡುಕುತ್ತಾರೆ. ದುಡ್ಡು ಸೋರುವುದು ಅಲ್ಲಲ್ಲ, ಓಡಾಟದಲ್ಲಿ. ಒಂದೊಂದು ದ್ವೀಪ ಕೈಬಿಟ್ಟಾಗಲೂ ತಲೆಗೆ 300ರಿಂದ 700 ಉಳಿಯುತ್ತದೆ. ಜೆಟ್ಟಿಯಿಂದ ದೂರದ ಅಗ್ಗದ ಬಂಗಲೆ ಹಿಡಿದು, ಊಟಕ್ಕೆ ಬಂದಾಗಲೆಲ್ಲ ಟ್ಯಾಕ್ಸಿಗೆ ತೆತ್ತರೆ ಉಳಿದದ್ದೆಲ್ಲ ಹೋಯಿತು. ಸಮೂಯಿಯ ವಿಮಾನ ನಿಲ್ದಾಣ ಖಾಸಗಿ ಒಡೆತನದ್ದು, ಟಿಕೆಟ್ ದುಬಾರಿ. ಹಾರಲೇಬೇಕಾದರೆ ಸೂರತ್ ಥಾನಿಯಿಂದ ಹಾರಿ.

ಎಟಿಎಂ ಇನ್ನೊಂದು ಸೋರಿಕೆ. ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಹ್ತ್ ಅಥವಾ ಇನ್ನೂ ಹೆಚ್ಚು ಶುಲ್ಕ ಹಿಡಿಯುತ್ತಾರೆ. ಆದ್ದರಿಂದ ಎರಡು ಸಾವಿರದಂತೆ ಐದು ಸಲ ತೆಗೆಯುವ ಬದಲು ಹತ್ತು ಸಾವಿರ ಒಂದೇ ಸಲ ತೆಗೆಯಿರಿ. ಆಮೇಲೆ ಯಂತ್ರ ಒಂದು ವಿನಿಮಯ ದರ ತೋರಿಸಿ, ಮೊತ್ತವನ್ನು ರೂಪಾಯಿಗೆ ಪರಿವರ್ತಿಸಲೇ ಎಂದು ಕೇಳುತ್ತದೆ. ಬೇಡ ಎಂದು ಒತ್ತಿ. ಹೌದು ಎಂದರೆ ಯಂತ್ರದವರ ದರ, ಬೇಡ ಎಂದರೆ ನಿಮ್ಮ ಬ್ಯಾಂಕಿನ ದರ. ಎರಡನೆಯದೇ ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ. ಬೇಡ ಎಂದರೂ ಹಣ ಬರುತ್ತದೆ, ಹೆದರಬೇಡಿ.

ದೇಶದೊಳಕ್ಕೆ ಬರಲು ತುಂಬಬೇಕಾದ ಡಿಜಿಟಲ್ ಆಗಮನ ಪತ್ರ 2025ರ ಮೇ 1ರಿಂದ ಕಡ್ಡಾಯ. ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಸರ್ಕಾರಿ ತಾಣದಲ್ಲೇ ತುಂಬಿ, ಪೂರಾ ಉಚಿತ. ದುಡ್ಡು ಕೇಳಿದರೆ ಅದು ಮಧ್ಯವರ್ತಿಯ ತಾಣ.

ಪ್ರಶ್ನೆ: ದೋಣಿ ಪ್ರಯಾಣದಲ್ಲಿ ವಾಂತಿ ಆಗುವವರು ಇಬ್ಬರಿದ್ದಾರೆ. ಸಾಮಾನು ಕಳೆದುಹೋಗುವ ಭಯವೂ ಇದೆ.

ವಾಂತಿಗೆ ಮಾತ್ರೆ ನುಂಗಬೇಕಾದ್ದು ದೋಣಿ ಹೊರಡುವ ಅರ್ಧದಿಂದ ಒಂದು ಗಂಟೆ ಮೊದಲು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲೇ ನಿಲ್ಲುವುದಿಲ್ಲ. ಮಾತ್ರೆಯಿಂದ ನಿದ್ದೆ ಬರುತ್ತದೆ, ಹಾಗಾಗಿ ಅದರ ಮೇಲೆ ಬಿಯರ್ ಬೇಡ, ಇಳಿದೊಡನೆ ಸ್ಕೂಟರ್ ಓಡಿಸುವುದೂ ಬೇಡ. ಕೂರುವ ಜಾಗ ಅರ್ಧ ಔಷಧಿ: ಕೆಳ ಅಂತಸ್ತು, ನಡುವಿನಿಂದ ಹಿಂದಕ್ಕೆ. ಮೂತಿಯ ಕಡೆ ದೋಣಿ ಅತಿ ಹೆಚ್ಚು ಏರಿ ಬೀಳುತ್ತದೆ. ಫೋನ್ ಒಳಗಿಟ್ಟು ದಿಗಂತ ನೋಡುತ್ತಿರಿ. ಖಾಲಿ ಹೊಟ್ಟೆಗೂ ತೊಳಸುತ್ತದೆ, ಒಂದೆರಡು ಬಿಸ್ಕತ್ತು ತಿಂದಿರಿ.

ಸಾಮಾನಿನ ವಿಷಯ. ಟಿಕೆಟ್ ತೋರಿಸಿದಾಗ ಅಂಗಿಯ ಮೇಲೆ ಒಂದು ಬಣ್ಣದ ಸ್ಟಿಕರ್ ಅಂಟಿಸುತ್ತಾರೆ, ಬ್ಯಾಗಿಗೆ ದ್ವೀಪದ ಹೆಸರಿನ ಚೀಟಿ ಕಟ್ಟುತ್ತಾರೆ. ಒಂದೇ ದೋಣಿ ಟಾವ್, ಫಂಗನ್, ಸಮೂಯಿ ಮೂರಕ್ಕೂ ಹೋಗುವುದರಿಂದ ಬ್ಯಾಗುಗಳನ್ನು ದ್ವೀಪವಾರು ರಾಶಿ ಹಾಕುತ್ತಾರೆ. ನಿಮ್ಮ ಬ್ಯಾಗು ಸರಿಯಾದ ರಾಶಿಗೆ ಬಿತ್ತೇ ಎಂದು ಕಣ್ಣಾರೆ ನೋಡಿ ಆಮೇಲೆ ಒಳಗೆ ಹೋಗಿ. ಕಳ್ಳತನಕ್ಕಿಂತ ಹೆಚ್ಚಾಗಿ ಆಗುವುದು ಅದಲುಬದಲು. ಕಪ್ಪು ಬ್ಯಾಕ್‌ಪ್ಯಾಕ್‌ಗಳೆಲ್ಲ ಒಂದೇ ಥರ ಕಾಣುತ್ತವೆ. ಹಿಡಿಕೆಗೆ ಕೆಂಪೋ ಹಳದಿಯೋ ಬಟ್ಟೆಪಟ್ಟಿ ಕಟ್ಟಿ. ಪಾಸ್‌ಪೋರ್ಟ್, ಹಣ, ಮಾತ್ರೆ, ಪವರ್ ಬ್ಯಾಂಕ್ ಚಿಕ್ಕ ಚೀಲದಲ್ಲಿ ಮೈಮೇಲೇ ಇರಲಿ. ಚಕ್ರದ ಸೂಟ್‌ಕೇಸ್ ಮರಳಲ್ಲಿ ಉರುಳುವುದಿಲ್ಲ, ಮೊಣಕಾಲುದ್ದ ನೀರಲ್ಲಿ ನಡೆದು ಲಾಂಗ್‌ಟೇಲ್ ದೋಣಿ (ಹಿಂದೆ ಉದ್ದ ದಂಡದ ಮೋಟಾರು ಇರುವ ಚಿಕ್ಕ ಮರದ ದೋಣಿ) ಹತ್ತುವಾಗ ತಲೆಮೇಲೆ ಹೊರಬೇಕಾಗುತ್ತದೆ. ಎಂಟು ಕಿಲೋ ಒಳಗಿನ ಬೆನ್ನುಚೀಲ ಸಾಕು.

ಅಲೆ ಎದ್ದಿದೆ ಎಂದು ದೋಣಿ ರದ್ದು ಮಾಡಿದರೆ ಜಗಳವಾಡಬೇಡಿ, ಖಾಸಗಿ ದೋಣಿಯವರು ಹೋಗೋಣ ಎಂದರೂ ಹತ್ತಬೇಡಿ. 2018ರ ಜುಲೈನಲ್ಲಿ ಹವಾಮಾನ ಎಚ್ಚರಿಕೆಯಿದ್ದ ದಿನವೇ ಫುಕೆಟ್ ಬಳಿ ಪ್ರವಾಸಿ ದೋಣಿಯೊಂದು ಮುಳುಗಿ 47 ಜನ ಸತ್ತರು.

ಪ್ರಶ್ನೆ: ಸ್ಕೂಟರ್ ಬಾಡಿಗೆಗೆ ನಮ್ಮ ಲೈಸೆನ್ಸ್ ಸಾಕೇ?

ಬಾಡಿಗೆ ಕೊಡುವವರು ಲೈಸೆನ್ಸ್ ಕೇಳುವುದೇ ಅಪರೂಪ. ದಿನಕ್ಕೆ 200ರಿಂದ 300 ಕೊಟ್ಟರೆ ಕೀಲಿ ಕೈಗೆ ಬರುತ್ತದೆ. ಕೇಳುವವರು ಪೊಲೀಸರು, ಮತ್ತು ಬಿದ್ದ ಮೇಲೆ ವಿಮೆಯವರು. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು, ಅದರಲ್ಲಿ ದ್ವಿಚಕ್ರದ ವರ್ಗಕ್ಕೆ ಮುದ್ರೆ ಬಿದ್ದಿರಬೇಕು. ಕಾರಿನ ಮುದ್ರೆ ಮಾತ್ರ ಇದ್ದರೆ ಸ್ಕೂಟರ್ ಅಪಘಾತದ ಆಸ್ಪತ್ರೆ ಖರ್ಚನ್ನು ವಿಮೆ ನಿರಾಕರಿಸಬಹುದು. ಊರಲ್ಲೇ ಸಾರಿಗೆ ಕಚೇರಿಯಲ್ಲಿ ಮಾಡಿಸಿಕೊಂಡು ಹೊರಡಿ. ಅಲ್ಲಿಗೆ ಹೋದ ಮೇಲೆ ಮಾಡಿಸಲಾಗದು.

ಪಾಸ್‌ಪೋರ್ಟ್ ಒತ್ತೆ ಇಡಬೇಡಿ. ಇಟ್ಟರೆ ವಾಪಸು ಮಾಡುವಾಗ ಹಳೆಯ ಗೀರಿಗೂ ಅವರು ಹೇಳಿದ್ದೇ ಬೆಲೆ. ನಗದು ಠೇವಣಿ ಪಡೆಯುವ ಅಂಗಡಿ ಹುಡುಕಿ, ಹೊರಡುವ ಮೊದಲು ಗಾಡಿಯ ನಾಲ್ಕೂ ಬದಿ, ಕನ್ನಡಿ, ಸೈಲೆನ್ಸರ್ ಕೆಳಭಾಗ ಎಲ್ಲವನ್ನೂ ಅಂಗಡಿಯವರ ಎದುರೇ ವಿಡಿಯೊ ಮಾಡಿ. ಟಾವ್‌ನ ಪೂರ್ವದ ಕೊಲ್ಲಿಗಳಿಗೆ ಇಳಿಯುವ ದಾರಿಗಳೂ ಫಂಗನ್‌ನಲ್ಲಿ ಹಾದ್ ರಿನ್‌ಗೆ ಹೋಗುವ ರಸ್ತೆಯೂ ತುಂಬ ಕಡಿದು. ಮಳೆಗೆ ಕಾಂಕ್ರೀಟಿನ ಮೇಲೆ ತೆಳು ಮರಳು ಹರಡಿರುತ್ತದೆ, ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಊರಲ್ಲಿ ಗಾಡಿ ಓಡಿಸಿ ರೂಢಿಯಿಲ್ಲದವರು ಕಲಿಯುವ ಜಾಗ ಇದಲ್ಲ, ಅವರು ಹಿಂದೆ ಕೂರಲಿ.

ಪ್ರಶ್ನೆ: ಕಳೆದ ಪ್ರವಾಸದಲ್ಲಿ ದುಡ್ಡಿನ ವಿಷಯಕ್ಕೆ ಗೆಳೆಯರಲ್ಲೇ ಮನಸ್ತಾಪವಾಯಿತು. ಈ ಸಲ ಹೇಗೆ ತಪ್ಪಿಸುವುದು?

ಒಂದು ಸಾಮಾನ್ಯ ಕೈಚೀಲ ಇಡಿ. ನಾಲ್ವರೂ ತಲಾ 2,000 ಹಾಕಿ, ಒಬ್ಬರೇ ಇಟ್ಟುಕೊಳ್ಳಲಿ. ಒಟ್ಟು ಸಾವಿರಕ್ಕೆ ಇಳಿದಾಗ ಮತ್ತೆ ಎಲ್ಲರೂ ಸಮನಾಗಿ ತುಂಬಿ. ಅದರಿಂದ ಕೊಡಬೇಕಾದ್ದು ಕೋಣೆ, ದೋಣಿ, ಟ್ಯಾಕ್ಸಿ, ಕುಡಿಯುವ ನೀರು ಮಾತ್ರ. ಊಟ, ಬಿಯರ್, ಮಸಾಜ್ ಅವರವರದು. ಜಗಳ ಹುಟ್ಟುವುದು ಇಲ್ಲೇ: ಒಬ್ಬ 60 ಬಹ್ತಿನ ಅನ್ನ ತಿಂದಿರುತ್ತಾನೆ, ಇನ್ನೊಬ್ಬ 400ರ ಮೀನು, ಬಿಲ್ಲು ಮಾತ್ರ ಸಮಪಾಲು. ಡೈವಿಂಗ್‌ನಂಥ ದೊಡ್ಡ ಖರ್ಚು ಯಾರಿಗೆ ಬೇಕು ಯಾರಿಗೆ ಬೇಡ ಎಂಬುದನ್ನು ಟಿಕೆಟ್ ತೆಗೆಯುವ ಮೊದಲೇ ಮಾತಾಡಿಕೊಳ್ಳಿ.

ನಾಲ್ವರು ಒಳ್ಳೆಯ ಸಂಖ್ಯೆ. ಇಡೀ ಲಾಂಗ್‌ಟೇಲ್ ಬಾಡಿಗೆಗೆ ಹಿಡಿದರೂ ತಲೆಗೆ ಹೊರೆಯಾಗುವುದಿಲ್ಲ, ಕೋಣೆ ಎರಡಕ್ಕೆ ಸರಿಯಾಗಿ ಹಂಚಿಹೋಗುತ್ತದೆ. ಐವರಾದರೆ ಎರಡರ ಬದಲು ಮೂರು ಕೋಣೆ.

ಪ್ರಶ್ನೆ: ನಮ್ಮಲ್ಲಿ ಒಬ್ಬರಿಗೆ ಈಜು ಬರುವುದಿಲ್ಲ. ಸ್ನಾರ್ಕೆಲಿಂಗ್ ಮಾಡಬಹುದೇ? ಅಂಬಲಿ ಮೀನಿನ (ಜೆಲ್ಲಿಫಿಶ್) ಅಪಾಯ ಎಷ್ಟು?

ಲೈಫ್ ಜಾಕೆಟ್ ಹಾಕಿ, ದೋಣಿಗೆ ಕಟ್ಟಿದ ಹಗ್ಗ ಹಿಡಿದು ಮಾಡಬಹುದು. ಜಾಕೆಟ್ ಸಡಿಲವಿದ್ದರೆ ನೀರಿನಲ್ಲಿ ಕಿವಿಯವರೆಗೆ ಏರಿಬಿಡುತ್ತದೆ, ಪಟ್ಟಿ ಬಿಗಿಯಿರಿ. ಮಾಸ್ಕ್ ಆರಿಸುವಾಗ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ, ಕೈಬಿಟ್ಟರೂ ಅಂಟಿಕೊಂಡೇ ಇದ್ದರೆ ಅದು ನಿಮ್ಮ ಅಳತೆ. ಅಂಚಿನ ಕೆಳಗೆ ಕೂದಲೆಳೆ ಸಿಕ್ಕಿದ್ದರೂ ನೀರು ನುಗ್ಗುತ್ತದೆ. ಮೀಸೆ ಇದ್ದವರಿಗೆ ಇದೇ ತೊಂದರೆ, ಮೇಲ್ತುಟಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ಹಿಡಿಯುತ್ತದೆ. ಹವಳದ ಮೇಲೆ ಕಾಲಿಡಬೇಡಿ. ಅದು ಸಾಯುತ್ತದೆ, ನಿಮ್ಮ ಕಾಲೂ ಕೊಯ್ಯುತ್ತದೆ, ಆ ಗಾಯ ಬಹಳ ಬೇಗ ಕೀವಾಗುತ್ತದೆ. ಕೊಯ್ದರೆ ಶುದ್ಧ ನೀರು, ಸೋಪಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಆಂಟಿಸೆಪ್ಟಿಕ್ ಹಚ್ಚಿ.

ಆಂಗ್ ಥೋಂಗ್‌ನಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಹವಳಕ್ಕೆ ಹಾನಿಕರವಾದ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ರಾಸಾಯನಿಕ ಇರುವ ಸನ್‌ಸ್ಕ್ರೀನ್‌ಗೆ 2021ರಿಂದ ನಿಷೇಧವಿದೆ, ದಂಡ ಒಂದು ಲಕ್ಷ ಬಹ್ತ್‌ವರೆಗೆ. ತುಂಬುತೋಳಿನ ಈಜುಡುಗೆ ಹಾಕಿದರೆ ಬಿಸಿಲಿಗೂ ಅಂಬಲಿ ಮೀನಿಗೂ ಒಂದೇ ಮದ್ದು.

ಫಂಗನ್, ಸಮೂಯಿ ಸುತ್ತ ಪೆಟ್ಟಿಗೆ ಅಂಬಲಿ ಮೀನಿನಿಂದ (ಬಾಕ್ಸ್ ಜೆಲ್ಲಿಫಿಶ್) ಸಾವುಗಳೂ ಆಗಿವೆ. ಅಪರೂಪವೇ, ಆದರೆ ಆದಾಗ ನಿಮಿಷಗಳ ಲೆಕ್ಕ. ಕುಟುಕಿದ ಜಾಗವನ್ನು ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಕನಿಷ್ಠ ಅರ್ಧ ನಿಮಿಷ ವಿನೆಗರ್ ಸುರಿಯಿರಿ. ಹಲವು ದಂಡೆಗಳಲ್ಲಿ ಕಂಬಕ್ಕೆ ವಿನೆಗರ್ ಬಾಟಲಿ ಸಿಕ್ಕಿಸಿರುತ್ತಾರೆ, ನೀರಿಗೆ ಇಳಿಯುವ ಮುನ್ನವೇ ಅದೆಲ್ಲಿದೆ ನೋಡಿಕೊಳ್ಳಿ. ಉಸಿರು ನಿಂತರೆ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ಶುರು ಮಾಡಿ, ತುರ್ತು ವೈದ್ಯಕೀಯ ಸಂಖ್ಯೆ 1669ಕ್ಕೆ ಕರೆ ಮಾಡಿ. ಮಳೆಯ ನಂತರ, ಕತ್ತಲಾದ ಮೇಲೆ ನೀರಿಗಿಳಿಯದಿರುವುದು ಕ್ಷೇಮ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಸಿಗುತ್ತದೆ. ಬರೀ ತರಕಾರಿ ಎಂದು ಕೇಳಿದರೆ ಮೀನಿನ ಸಾಸ್ ಹಾಕಿ ತರಕಾರಿ ಕೊಡುತ್ತಾರೆ. ಅವರ ಪಾಲಿಗೆ ಅದು ಉಪ್ಪಿನಂತೆ. "ಜೇ" ಎಂದು ಕೇಳಿ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರದ ಬಾವುಟ ಇದ್ದ ಅಂಗಡಿ ಅದೇ. ಕೆಂಪು ಕರಿ ಪೇಸ್ಟ್‌ನಲ್ಲಿ ಸಾಮಾನ್ಯವಾಗಿ ಸಿಗಡಿ ಇರುತ್ತದೆ, ಕೇಳದೆ ತಿನ್ನಬೇಡಿ. ದೋಣಿಯ ಪ್ರವಾಸಗಳಲ್ಲಿ ಮಧ್ಯಾಹ್ನದ ಊಟಕ್ಕೆ ಟಿಕೆಟ್ ಕೊಳ್ಳುವಾಗಲೇ ಹೇಳಿಡಬೇಕು.

ಪ್ರಶ್ನೆ: ಟಾವ್‌ನಲ್ಲಿ ಡೈವಿಂಗ್ ಕಲಿತು ಮರುದಿನವೇ ವಿಮಾನ ಹತ್ತಬಹುದೇ?

ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನದ ಡೈವಿಂಗ್ ಆಗಿದ್ದರೆ ಕನಿಷ್ಠ 18 ಗಂಟೆ ಕಳೆದಿರಬೇಕು. ನೀರಿನ ಒತ್ತಡದಲ್ಲಿ ರಕ್ತದಲ್ಲಿ ಕರಗಿದ ನೈಟ್ರೋಜನ್, ವಿಮಾನದಲ್ಲಿ ಒತ್ತಡ ತಗ್ಗಿದಾಗ ಗುಳ್ಳೆಯಾಗಿ ಕೀಲು, ನರಗಳನ್ನು ಹಿಡಿಯುತ್ತದೆ. ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸಿಗೆ ಮೂರರಿಂದ ನಾಲ್ಕು ದಿನ, ಸುಮಾರು 10ರಿಂದ 12 ಸಾವಿರ ಬಹ್ತ್ ಬೇಕು. ಮುಗಿದ ಮೇಲೆ 18 ಮೀಟರ್‌ವರೆಗೆ ಇಳಿಯಬಹುದು. ಡೈವಿಂಗ್‌ಗೂ ವಿಮಾನಕ್ಕೂ ನಡುವೆ ಅಂತರ ಇರಲೆಂದೇ ಟಾವ್ ಅನ್ನು ಮೊದಲು, ಫಂಗನ್ ಅನ್ನು ಆಮೇಲೆ ಇಟ್ಟಿದ್ದೇವೆ. ನೆಗಡಿ ಇದ್ದರೆ ಕೋರ್ಸ್ ಶುರು ಮಾಡಬೇಡಿ, ಕಿವಿಯ ಒತ್ತಡ ಸರಿಹೊಂದದೆ ಪರದೆ ಹರಿಯಬಹುದು. ಉಬ್ಬಸ, ಹೃದಯದ ತೊಂದರೆ ಇರುವವರು ಊರಿನಿಂದಲೇ ವೈದ್ಯರ ಪತ್ರ ತೆಗೆದುಕೊಂಡು ಹೋಗಿ; ಅಲ್ಲಿ ಆರೋಗ್ಯದ ಪ್ರಶ್ನಾವಳಿಯಲ್ಲಿ ಹೌದು ಎಂದು ಬರೆದರೆ ಆ ಪತ್ರವಿಲ್ಲದೆ ನೀರಿಗೆ ಇಳಿಸುವುದಿಲ್ಲ.