ಹಿಮದೂರಿನಲ್ಲಿ ಎರಡನೇ ಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಬೇರೆಯವರ ರಜೆಮನೆಗಳ ಬೀಗದ ಕೈ ಇಟ್ಟುಕೊಂಡು, ಅವರಿಲ್ಲದಾಗ ಮನೆ ನೋಡಿಕೊಳ್ಳುವುದು ನನ್ನ ಕಸುಬು. ಮಾರುವವನೂ ನಾನಲ್ಲ, ಕೊಳ್ಳುವವನೂ ನಾನಲ್ಲ. ಹಾಗಾಗಿ ಇಬ್ಬರಿಗೂ ಹಿಡಿಸದ ಮಾತು ಕೆಲವು ಬರಬಹುದು.

ಪ್ರಶ್ನೆ: ಸ್ವಿಟ್ಜರ್‌ಲೆಂಡಿನ ಸ್ಕೀ ಊರಲ್ಲಿ ಪುಟ್ಟದೊಂದು ಶ್ಯಾಲೆ, ಅಂದರೆ ಇಳಿಜಾರು ಮಾಡಿನ ಮರದ ಮನೆ, ಕೊಳ್ಳುವ ಆಸೆ. ನಾವು ಯುರೋಪಿನ ಪ್ರಜೆಗಳಲ್ಲ. ದುಡ್ಡಿದ್ದರೆ ಕೊಡುತ್ತಾರಾ?

ದುಡ್ಡೊಂದೇ ಸಾಲದು. ಅಲ್ಲಿ ಲೆಕ್ಸ್ ಕೋಲರ್ ಅನ್ನುವ ಕಾನೂನಿದೆ. ಹೊರಗಿನವರು ರಜೆಮನೆ ಕೊಳ್ಳಲು ಇಡೀ ದೇಶಕ್ಕೆ ವರ್ಷಕ್ಕೆ 1,500 ಪರವಾನಗಿ ಮಾತ್ರ. ವಾಸದ ಜಾಗ ಸಾಮಾನ್ಯವಾಗಿ 200 ಚದರ ಮೀಟರ್ ದಾಟುವಂತಿಲ್ಲ. ವರ್ಷವಿಡೀ ಬಾಡಿಗೆಗೆ ಬಿಡುವಂತೆಯೂ ಇಲ್ಲ. ಇದು ಸಾಲದು ಅಂತ 2012ರ ಮಾರ್ಚ್‌ನಲ್ಲಿ ಅಲ್ಲಿನ ಜನ ವೋಟು ಹಾಕಿ ಇನ್ನೊಂದು ಬೇಲಿ ಕಟ್ಟಿದರು. ಊರಿನ ಮನೆಗಳಲ್ಲಿ ನೂರಕ್ಕೆ 20ಕ್ಕಿಂತ ಜಾಸ್ತಿ ರಜೆಮನೆಗಳಾಗಿದ್ದರೆ, ಹೊಸ ರಜೆಮನೆ ಕಟ್ಟಲು ಸಾಮಾನ್ಯವಾಗಿ ಅನುಮತಿ ಇಲ್ಲ. ಹೆಸರುವಾಸಿ ಸ್ಕೀ ಊರುಗಳು ಆ ಗೆರೆ ದಾಟಿ ಯಾವ ಕಾಲವಾಯಿತೋ.

ಆಸ್ಟ್ರಿಯಾದ ಟಿರೋಲ್ ಇನ್ನೂ ಬಿಗಿ. ಮನೆಗೆ ರಜೆಮನೆ ಅನ್ನುವ ಅಧಿಕೃತ ಮುದ್ರೆ ಇಲ್ಲದೆ ಅದನ್ನು ಹಾಗೆ ಬಳಸಿದರೆ 40,000 ಯೂರೋವರೆಗೆ ದಂಡ ಬೀಳಬಹುದು. ಫ್ರಾನ್ಸಿನಲ್ಲಿ ಮಾತ್ರ ಮನೆ ಕೊಳ್ಳುವವರ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ಅಡ್ಡಿಯಲ್ಲ. ಆಸೆ ಹಿಮದ ಮೇಲಿದ್ದರೆ ಫ್ರಾನ್ಸ್ ನೋಡಿ. ಸ್ವಿಟ್ಜರ್‌ಲೆಂಡಿನ ಮೇಲೇ ಇದ್ದರೆ ಹಳೆಯ ಮನೆ ಹುಡುಕಿ, ತಾಳ್ಮೆ ಇರಲಿ.

ಪ್ರಶ್ನೆ: 1,000 ಮೀಟರ್ ಎತ್ತರದ ಊರಲ್ಲಿ ಒಂದು ಮನೆ ಇಷ್ಟವಾಗಿದೆ. 'ಹಿಮ ಕಡಿಮೆಯಾದರೇನು, ಯಂತ್ರದಿಂದ ಮಾಡುತ್ತಾರೆ' ಅನ್ನುತ್ತಾನೆ ಏಜೆಂಟ್. ನಂಬಬಹುದಾ?

ಅರ್ಧ ನಂಬಿ. ಹಿಮದ ಫಿರಂಗಿಗೆ ನೀರು ಬೇಕು, ವಿದ್ಯುತ್ ಬೇಕು, ಎಲ್ಲಕ್ಕಿಂತ ಮೊದಲು ಚಳಿ ಬೇಕು. ಗಾಳಿಯ ತೇವವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಉಷ್ಣಾಂಶ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿಳಿಯದಿದ್ದರೆ ಅದು ಉಗುಳುವುದು ಬರೀ ನೀರು. ಹಿಮ ಕಡಿಮೆಯಾಗುವುದೂ ಚಳಿ ಕಡಿಮೆಯಾದಾಗಲೇ ಅಲ್ವಾ?

ಸ್ಕೀ ಉದ್ಯಮದವರು ನೋಡುವ ಒಂದು ಹಳೆಯ ಅಳತೆ ಇದೆ. ಒಂದು ಚಳಿಗಾಲದಲ್ಲಿ ಕನಿಷ್ಠ 100 ದಿನ, ಸುಮಾರು 30 ಸೆಂಟಿಮೀಟರ್ ಹಿಮ ನಿಂತಿದ್ದರೆ ಆ ಜಾಗ ನಂಬಿಕಸ್ತ. ಫ್ರಾನ್ಸಿನ ಯೂರಾ ಬೆಟ್ಟಗಳ ಮೆಟಬಿಯೆಫ್ ಅನ್ನುವ ಊರು ಇಳಿಜಾರಿನ ಸ್ಕೀಯನ್ನು 2030–35ರ ಹೊತ್ತಿಗೆ ನಿಲ್ಲಿಸುವ ಯೋಜನೆಯನ್ನು ತಾನೇ ಹಾಕಿಕೊಂಡಿದೆ. ಇನ್ನು ಕೆಲವು ಊರುಗಳು ಬಾಯಿ ಬಿಡುತ್ತಿಲ್ಲ, ಅಷ್ಟೆ.

ಹಾಗಂತ 2,300 ಮೀಟರ್ ಎತ್ತರದ ವಾಲ್ ತೊರಾನ್ಸ್‌ಗೇ ಓಡಿ ಅಂತ ಹೇಳುವುದಿಲ್ಲ. ಅಲ್ಲಿ ಹಿಮಕ್ಕೆ ಬರವಿಲ್ಲ, ನಿಜ. ಆದರೆ ಅದು ಸ್ಕೀಗೆಂದೇ ಕಟ್ಟಿದ ಊರು. ಮೇ ತಿಂಗಳಲ್ಲಿ ಲಿಫ್ಟ್ ನಿಂತ ಮೇಲೆ ಹೋಗಿ ನೋಡಿ, ಬಾಗಿಲು ತೆರೆದ ಅಂಗಡಿ ಹುಡುಕಬೇಕು. ನನ್ನನ್ನು ಕೇಳಿದರೆ, ವರ್ಷಪೂರ್ತಿ ಜನ ಇರುವ, ಶಾಲೆ ನಡೆಯುವ ಹಳ್ಳಿಯೇ ಮೇಲು. ಅಲ್ಲಿಂದ 2,000 ಮೀಟರಿನ ಆಚೆಗೆ ಕರೆದೊಯ್ಯುವ ಲಿಫ್ಟ್ ಒಂದಿದ್ದರೆ ಸಾಕು. ಹಿಮ ಕೈಕೊಟ್ಟ ವರ್ಷವೂ ಆ ಮನೆಗೆ ಹೋಗಲು ಮನಸ್ಸಾಗುತ್ತದೆ. ನವೆಂಬರಿನಲ್ಲಿ ಪೈಪ್ ಒಡೆದರೆ ಪ್ಲಂಬರ್ ಸಿಗುತ್ತಾನೆ.

ಬಿಸಿಲಿನ ಬಗ್ಗೆ ಒಂದು ಮಾತು. ಕಣಿವೆಯ ಬಿಸಿಲಿನ ಮಗ್ಗುಲನ್ನು ಅಲ್ಲಿನವರು ಅದ್ರೆ ಅನ್ನುತ್ತಾರೆ, ನೆರಳಿನ ಮಗ್ಗುಲನ್ನು ಯುಬಾಕ್. ಹಿಮ ಚೆನ್ನಾಗಿ ನಿಲ್ಲುವುದು ಯುಬಾಕ್‌ನಲ್ಲಿ. ಆದರೆ ಆ ಮಗ್ಗುಲಿನ ಕೆಲವು ಮನೆಗಳಿಗೆ ಡಿಸೆಂಬರಿನಲ್ಲಿ ವಾರಗಟ್ಟಲೆ ಬಿಸಿಲೇ ಬೀಳುವುದಿಲ್ಲ. ಮನೆ ತೋರಿಸುವವರು ಜುಲೈನಲ್ಲಿ ಕರೆದರೆ, ಚಳಿಗಾಲದಲ್ಲಿ ಸೂರ್ಯ ಯಾವ ಶಿಖರದ ಹಿಂದಿನಿಂದ ಎಷ್ಟು ಹೊತ್ತಿಗೆ ಬರುತ್ತಾನೆ ಅಂತ ಪಕ್ಕದ ಮನೆಯವರನ್ನು ಕೇಳಿ.

ಪ್ರಶ್ನೆ: ಜಾಹೀರಾತಿನಲ್ಲಿ '30 ಚದರ ಮೀಟರ್, ಆರು ಜನ ಮಲಗಬಹುದು' ಎಂದಿದೆ. ಹೇಗೆ ಸಾಧ್ಯ?

ಬಾಗಿಲ ಪಕ್ಕದಲ್ಲಿ ಕಿಟಕಿಯಿಲ್ಲದ ಒಂದು ಗೂಡಿರುತ್ತದೆ. ಅದಕ್ಕೆ ಕಬೀನ್ ಅಂತ ಹೆಸರು. ಅದರಲ್ಲಿ ಒಂದರ ಮೇಲೊಂದು ಮಂಚ, ಹಾಲ್‌ನಲ್ಲಿ ಸೋಫಾ ಮಂಚ. ಆರು ಜನ ಮಲಗಬಹುದು, ಆರು ಜೊತೆ ಒದ್ದೆ ಬೂಟು ಇಡಲು ಜಾಗ ಇರುವುದಿಲ್ಲ. ಇನ್ನೊಂದು ವಿಷಯ. ಅಪಾರ್ಟ್‌ಮೆಂಟ್ ಮಾರುವಾಗ 1.80 ಮೀಟರಿಗಿಂತ ತಗ್ಗು ಮಾಡಿನ ಕೆಳಗಿನ ಜಾಗವನ್ನು ಫ್ರಾನ್ಸಿನ ಕಾರೆ ಕಾನೂನಿನ ಅಳತೆಗೆ ಸೇರಿಸುವಂತಿಲ್ಲ. ಬೆಲೆ ಹೋಲಿಸುವುದಾದರೆ ಆ ಅಳತೆಯನ್ನೇ ಕೇಳಿ.

ಪ್ರಶ್ನೆ: ವರ್ಷದಲ್ಲಿ ಮೂರು ನಾಲ್ಕು ವಾರ ಮಾತ್ರ ಹೋಗುತ್ತೇವೆ. ಉಳಿದ ದಿನ ಮನೆ ಬೀಗ ಹಾಕಿಟ್ಟರೆ ಏನಾದೀತು?

ನನ್ನ ಹೊಟ್ಟೆಪಾಡು ನಡೆಯುವುದೇ ಈ ಪ್ರಶ್ನೆಯಿಂದ. ಕೊಳ್ಳುವವರು ತಾವಿರುವ ವಾರಗಳನ್ನು ಕಣ್ಮುಂದೆ ತಂದುಕೊಂಡು ಮನೆ ಆರಿಸುತ್ತಾರೆ. ದುಡ್ಡು ತಿನ್ನುವುದು ಉಳಿದ ನಲವತ್ತೆಂಟು ವಾರ.

ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ತಾಮ್ರದ ಪೈಪ್ ಸೀಳುತ್ತದೆ. ಆಗ ಏನೂ ಕಾಣುವುದಿಲ್ಲ, ಒಳಗೆ ಮಂಜುಗಡ್ಡೆಯೇ ಬಿರಡೆ ಹಾಕಿರುತ್ತದೆ. ಚಳಿ ಇಳಿದು ಗಡ್ಡೆ ಕರಗಿದ ದಿನ ಮರದ ನೆಲವೆಲ್ಲ ಕೆರೆ. ಅದಕ್ಕೇ ದೀರ್ಘಕಾಲ ಖಾಲಿ ಬಿಡುವ ಮನೆಯ ನೀರು ಬಸಿಯುತ್ತೇವೆ. ಮುಖ್ಯ ವಾಲ್ವ್ ಮುಚ್ಚಿ, ಮೇಲಿನ ಮಹಡಿಯಿಂದ ಶುರುಮಾಡಿ ಒಂದೊಂದೇ ನಲ್ಲಿ ತೆರೆಯಬೇಕು. ಬಿಸಿನೀರಿನ ಟ್ಯಾಂಕು ಬಸಿಯಬೇಕು. ಶವರಿನ ಹಿಡಿಯನ್ನು ಸರಿಯಾಗಿ ನಡುವೆ ನಿಲ್ಲಿಸಬೇಕು. ಬಿಸಿಯ ಕಡೆಗೇ ಬಿಟ್ಟರೆ ತಣ್ಣೀರಿನ ಪೈಪಿನಲ್ಲಿ ನೀರು ಉಳಿದುಬಿಡುತ್ತದೆ. ಕೊನೆಗೆ ಸಿಂಕು, ಕಮೋಡುಗಳ ಬಾಗಿದ ಪೈಪಿಗೆ ಹೆಪ್ಪುಗಟ್ಟದ ದ್ರವ ಸುರಿಯಬೇಕು. ಬಟ್ಟೆ ಒಗೆಯುವ ಯಂತ್ರದ ಕೊಳವೆಯನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.

'ಹೀಟರನ್ನು ಹಿಮದ ಚುಕ್ಕಿ ಗುರುತಿಗೆ, ಅಂದರೆ ನೀರು ಹೆಪ್ಪುಗಟ್ಟದಷ್ಟು ಬಿಸಿಗೆ, ಇಟ್ಟು ಹೋಗ್ತೀವಿ, ಸಾಕಲ್ವಾ' ಅನ್ನುವವರಿದ್ದಾರೆ. ಸಾಕು, ಕರೆಂಟು ಇರುವ ತನಕ. ವಿಮಾ ಪತ್ರವನ್ನೂ ಓದಿ. ಖಾಲಿ ಮನೆಯನ್ನು ಬೆಚ್ಚಗಿಡಬೇಕು ಅಥವಾ ನೀರು ಬಸಿಯಬೇಕು ಎಂಬ ಷರತ್ತು ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಮಾಡಿನ ಮೇಲೆ ಹಿಮ ನೋಡಿ ಹೊಸಬರು ಗಾಬರಿಯಾಗುತ್ತಾರೆ, ಕೆರೆದು ಹಾಕಿ ಅಂತ ಫೋನು ಮಾಡುತ್ತಾರೆ. ಸವೋಯ್ ಕಡೆಯ ಹಳೆಯ ಮಾಡುಗಳು ಹಿಮ ಹೊರಲೆಂದೇ ಕಟ್ಟಿದವು. ಅಲ್ಲಿ ಹಿಮ ಕಂಬಳಿಯ ಹಾಗೆ, ಒಳಗಿನ ಬಿಸಿ ಹೊರಹೋಗದಂತೆ ತಡೆಯುತ್ತದೆ. ನೋಡಬೇಕಾದದ್ದು ಅಂಚಿನ ತಡೆಗಳು ಗಟ್ಟಿಯಿವೆಯಾ, ಜಾರಿದರೆ ಯಾರ ಅಂಗಳಕ್ಕೆ ಬೀಳುತ್ತದೆ ಅನ್ನುವುದು. ಮಳೆ ಬಿದ್ದು ಒದ್ದೆಯಾದ ಹಿಮದ ಕತೆ ಬೇರೆ. ಹೊಸ ಹಿಮ ಘನ ಮೀಟರಿಗೆ ಸುಮಾರು 100 ಕಿಲೋ ತೂಗಿದರೆ, ಹಳೆಯ ಒದ್ದೆ ಹಿಮ ಅದರ ಮೂರು ನಾಲ್ಕು ಪಟ್ಟು. ಆಗ ಜನ ಹತ್ತಲೇಬೇಕು.

ಪ್ರಶ್ನೆ: ಹೊಸ ಕಟ್ಟಡದಲ್ಲಿ ಮನೆ ಕೊಂಡರೆ ಕಂಪನಿಯೇ ಬಾಡಿಗೆಗೆ ನಡೆಸಿಕೊಡುತ್ತದಂತೆ, ಬೆಲೆಯಲ್ಲಿ ಸೇರಿದ 20% ತೆರಿಗೆಯೂ (ವ್ಯಾಟ್) ವಾಪಸಂತೆ. ಒಳ್ಳೆಯದಲ್ವಾ?

ತೆರಿಗೆ ವಾಪಸಾಗುವುದು ನಿಜ. ಅದರ ಬದಲಿಗೆ ಕನಿಷ್ಠ ಒಂಬತ್ತು ವರ್ಷದ ವಾಣಿಜ್ಯ ಗುತ್ತಿಗೆಗೆ ಸಹಿ ಹಾಕುತ್ತೀರಿ. ನಿಮ್ಮ ಮನೆಗೆ ನೀವು ಹೋಗುವುದು ಅವರು ಕೊಟ್ಟ ವಾರಗಳಲ್ಲಿ. ಫೆಬ್ರವರಿಯ ಶಾಲೆ ರಜೆಯ ವಾರ ಅವರಿಗೂ ಬೇಕು, ನಿಮಗೂ ಬೇಕು. 20 ವರ್ಷದೊಳಗೆ ಈ ವ್ಯವಸ್ಥೆಯಿಂದ ಹೊರಬಂದರೆ ಉಳಿದ ವರ್ಷಗಳ ಲೆಕ್ಕದಲ್ಲಿ ತೆರಿಗೆ ಹಿಂದಿರುಗಿಸಬೇಕು. ಗುತ್ತಿಗೆ ಮುಗಿದಾಗ ನೀವೇ ಬೇಡ ಅಂದರೆ ಕಂಪನಿ ಪರಿಹಾರವನ್ನೂ ಕೇಳಬಹುದು. ಹೂಡಿಕೆ ಅಂತ ನೋಡುವವರಿಗೆ ಸರಿ. ನಿಮಗೆ ಬೇಕಾಗಿರುವುದು ಮನೆ ಅಂತ ನಿಮ್ಮ ಪತ್ರ ಓದಿದರೆ ಅನಿಸುತ್ತದೆ.

ಪ್ರಶ್ನೆ: ಮನೆ ಕೊಂಡರೆ ಅಲ್ಲೇ ಇರಬಹುದಾ?

ಇಲ್ಲ. ಮನೆ ಪತ್ರ ವೀಸಾ ಅಲ್ಲ. ಗಡಿ ತಪಾಸಣೆ ಕೈಬಿಟ್ಟ ಯುರೋಪಿನ ದೇಶಗಳ ಷೆಂಗೆನ್ ಲೆಕ್ಕ ನಿಮ್ಮಂತೆ ಯುರೋಪಿನ ಪ್ರಜೆಗಳಲ್ಲದವರಿಗೆ ಒಂದೇ, ಯಾವುದೇ 180 ದಿನಗಳಲ್ಲಿ 90 ದಿನ. ಜಾಸ್ತಿ ಇರಬೇಕಾದರೆ ದೀರ್ಘಾವಧಿಯ ವೀಸಾ ಬೇರೆ ಕೇಳಬೇಕು. ತೆರಿಗೆ ಮಾತ್ರ ನೀವು ಇದ್ದರೂ ಇಲ್ಲದಿದ್ದರೂ ಬರುತ್ತದೆ. ಸ್ವಂತ ವಾಸದ ಮನೆಗಳಿಗೆ 2023ರಲ್ಲಿ ರದ್ದಾದ ನಿವಾಸ ತೆರಿಗೆ ಎರಡನೇ ಮನೆಗಳಿಗೆ ಹಾಗೇ ಉಳಿದಿದೆ. ಕೆಲವು ಊರುಗಳು ಅದರ ಮೇಲೆ 60%ವರೆಗೆ ಹೆಚ್ಚುವರಿ ಹಾಕಬಹುದು.

ಪ್ರಶ್ನೆ: ಒಂದು ಶ್ಯಾಲೆ ಮೆಚ್ಚಿದ್ದೇವೆ. ನಾಳೆಯೇ ಸಹಿ ಹಾಕಿ, ಬೇರೆಯವರೂ ಕಾಯುತ್ತಿದ್ದಾರೆ ಅನ್ನುತ್ತಿದ್ದಾರೆ. ಏನು ಮಾಡಲಿ?

ಬೇರೆಯವರು ಯಾವಾಗಲೂ ಕಾಯುತ್ತಿರುತ್ತಾರೆ. ಮೊದಲು ಅಪಾಯಗಳ ವರದಿ ತರಿಸಿ, ಕೊಡುವುದು ಮಾರುವವರ ಕರ್ತವ್ಯ. ಹಿಮಕುಸಿತದ ನಕ್ಷೆಯಲ್ಲಿ ಕೆಂಪು ಅಂದರೆ ಹೊಸ ಮನೆ ಕಟ್ಟುವಂತಿಲ್ಲದ ಜಾಗ, ನೀಲಿ ಅಂದರೆ ಷರತ್ತಿನ ಮೇಲೆ ಕಟ್ಟಬಹುದಾದ ಜಾಗ. ನಕ್ಷೆಯೊಂದನ್ನೇ ನೆಚ್ಚಬೇಡಿ. 1999ರ ಫೆಬ್ರವರಿ 9ರಂದು ಶಮೋನಿ ಕಣಿವೆಯ ಮಾಂಟ್ರಾಕ್‌ನಲ್ಲಿ ಹಿಮಕುಸಿತಕ್ಕೆ 12 ಜನ ಸತ್ತರು. ನೆಲಸಮವಾದ ಮನೆಗಳಲ್ಲಿ ಕೆಲವು ಅಂದಿನ ನಕ್ಷೆಯ ಪ್ರಕಾರ ಅಪಾಯವಿಲ್ಲದ ಜಾಗದಲ್ಲೇ ಇದ್ದವು. ಊರಿನ ಹಿರಿಯರನ್ನು ಕೇಳಿ, ಹಿಮ ಎಲ್ಲಿಯವರೆಗೆ ಬಂದಿತ್ತು ಅನ್ನುವುದು ಅವರಿಗೆ ನೆನಪಿರುತ್ತದೆ.

ಮನೆಯ ಇಂಧನ ದರ್ಜೆ ನೋಡಿ, 'ಎ' ಅಂದರೆ ಕಡಿಮೆ ಇಂಧನ ಸಾಕು, 'ಜಿ' ಅಂದರೆ ತುಂಬಾ ಬೇಕು. ಮುಂದೆ ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ ಯೋಚನೆಯಿದ್ದರೆ, 2034ರಿಂದ ಆ ದರ್ಜೆ ಕನಿಷ್ಠ 'ಡಿ' ಇರಬೇಕು. ಹಳೆಯ ಮನೆಯಾದರೆ ನೋಟರಿ ಖರ್ಚು ಅಂತ ಬೆಲೆಯ ಮೇಲೆ 7ರಿಂದ 8% ಎತ್ತಿಡಿ, ಹೊಸದಾದರೆ 2ರಿಂದ 3%.

ಇಷ್ಟಾದ ಮೇಲೂ ಮನೆ ಬೇಕೆನಿಸಿದರೆ ಸಹಿ ಹಾಕಿ. ಮೊದಲ ಕರಾರಿನ ಪ್ರತಿ ಕೈಸೇರಿದ ಮರುದಿನದಿಂದ 10 ದಿನ ಕಾರಣ ಹೇಳದೆ ಹಿಂದೆ ಸರಿಯುವ ಹಕ್ಕು ನಿಮಗಿದೆ, ಮುಂಗಡವೂ ವಾಪಸ್ ಬರುತ್ತದೆ. ಮನಸ್ಸು ಬದಲಾದರೆ ಏಜೆಂಟನಿಗೆ ಫೋನು ಮಾಡಿ ಸುಮ್ನೆ ಕೂರಬೇಡಿ, ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಪತ್ರವನ್ನೇ ಕಳಿಸಿ.