ಶಕ್ತಿಮಾನ್ ಸ್ಟಾರ್ಟ್ ಮಾಡಬೇಕೋ, ಬೇಡವೋ?

ಓದುಗರ ಪತ್ರ

ಹಳೆಯ ಮಿಲಿಟರಿ ಗಾಡಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನೀವು ಬರೆದ ಪುಟ್ಟ ಟಿಪ್ಪಣಿ ಓದಿದೆ. ಮ್ಯೂಸಿಯಂಗಳಲ್ಲಿರುವ ಜೀಪು, ಲಾರಿಗಳನ್ನು ಆಗಾಗ ಓಡಿಸಬೇಕು ಎಂದಿದ್ದೀರಿ. ನನಗೆ ಒಪ್ಪಿಗೆಯಾಗಲಿಲ್ಲ. ಓಡಿಸಿದಷ್ಟೂ ಸವೆಯುತ್ತದೆ ಅಲ್ವಾ? ಇವತ್ತು ಪಿಸ್ಟನ್, ನಾಳೆ ಗೇರು, ನಾಡಿದ್ದು ಟೈರು ಅಂತ ಬದಲಾಯಿಸುತ್ತಾ ಹೋದರೆ ಹಳೆಯದು ಅಂತ ಕೊನೆಗೆ ಏನು ಉಳಿಯುತ್ತದೆ? ಒಳ್ಳೆ ಬಣ್ಣ ಬಳಿದು, ಬೋರ್ಡು ಹಾಕಿ, ನೆರಳಿನಲ್ಲಿ ನಿಲ್ಲಿಸಿದರೆ ಸಾಲದೇ? ನಮ್ಮ ತಂದೆ ಸೇನೆಯಲ್ಲಿ ಶಕ್ತಿಮಾನ್ ಲಾರಿ ಓಡಿಸಿದವರು. ಅವರದ್ದು ನಿಮ್ಮ ಪಕ್ಷ. ‘ಸ್ಟಾರ್ಟ್ ಆಗದಿದ್ದರೆ ಅದು ಗುಜರಿ’ ಅನ್ನುತ್ತಾರೆ. ಈಗ ಮನೆಯಲ್ಲಿ ಇದೇ ಜಗಳ.
— ಒಬ್ಬ ಓದುಗ, ಜಾಲಹಳ್ಳಿ

ಸಂಪಾದಕರ ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಓಡಿಸಿದಷ್ಟೂ ಸವೆಯುತ್ತದೆ ಎಂಬುದು ನಿಜ. ಯಾವ ಗಾಡಿ, ಹೇಗೆ, ಎಷ್ಟು ಎಂದು ಹೇಳದೆ ‘ಆಗಾಗ ಓಡಿಸಬೇಕು’ ಎಂದಷ್ಟೇ ಬರೆದದ್ದು ನನ್ನ ತಪ್ಪು. ಅದಕ್ಕೇ ಈ ಸಲ ಜಾಗ ಜಾಸ್ತಿ ತೆಗೆದುಕೊಂಡಿದ್ದೇನೆ.

ಹಂಪಿಯ ಕಲ್ಲಿನ ರಥ ನೀವು ನೋಡಿರುತ್ತೀರಿ. ಅದರ ಚಕ್ರಗಳು ಒಂದು ಕಾಲಕ್ಕೆ ತಿರುಗುತ್ತಿದ್ದವು. ಬಂದವರೆಲ್ಲ ಕೈಹಾಕಿ ತಿರುಗಿಸುತ್ತಿದ್ದರು. ಹಾಳಾಗುತ್ತದೆ ಎಂದು ಆಮೇಲೆ ಸಿಮೆಂಟ್ ಹಾಕಿ ಕೂರಿಸಿದರು. ಸರಿಯಾದ ಕೆಲಸವೇ. ಆ ಕೆತ್ತನೆ ಒಮ್ಮೆ ಸವೆದು ಹೋದರೆ ಮತ್ತೆ ಎಲ್ಲಿಂದ ತರುವುದು? ಇನ್ನು ನಮ್ಮೂರುಗಳ ಮರದ ತೇರು ನೋಡಿ. ಅಚ್ಚು ಸವೆದರೆ ಹೊಸ ಅಚ್ಚು. ಗಾಲಿ ಸೀಳಿದರೆ ಹೊಸ ಗಾಲಿ. ಆದರೂ ಯಾರೂ ‘ಇದು ನಮ್ಮ ತಾತನ ಕಾಲದ ತೇರಲ್ಲ’ ಅನ್ನುವುದಿಲ್ಲ. ವರ್ಷಕ್ಕೊಮ್ಮೆ ಎಳೆಯುವುದರಿಂದಲೇ ಆ ಊರಿನಲ್ಲಿ ಗಾಲಿ ಕೂರಿಸಲು ಗೊತ್ತಿರುವ ಬಡಗಿ ಉಳಿದಿರುತ್ತಾನೆ. ಗಾಲಿಯಡಿ ದಿಮ್ಮಿ ಕೊಟ್ಟು ತೇರನ್ನು ಬೀದಿ ತಿರುಗಿಸಬಲ್ಲವನೂ ಉಳಿದಿರುತ್ತಾನೆ. ಎಳೆಯುವುದು ನಿಂತರೆ ಆ ಕೆಲಸ ಒಂದೇ ತಲೆಮಾರಿನಲ್ಲಿ ಮರೆತುಹೋಗುತ್ತದೆ.

ಮಿಲಿಟರಿ ಗಾಡಿಗಳಲ್ಲೂ ಈ ಎರಡು ಜಾತಿ ಇವೆ. ಎರಡನೇ ಮಹಾಯುದ್ಧದ ಜೀಪನ್ನೇ ತಗೊಳ್ಳಿ. 1941ರಿಂದ 1945ರೊಳಗೆ ವಿಲ್ಲಿಸ್ ಕಂಪನಿ ಸುಮಾರು 3.6 ಲಕ್ಷ, ಫೋರ್ಡ್ ಸುಮಾರು 2.8 ಲಕ್ಷ ಜೀಪು ಮಾಡಿದವು. ಶಕ್ತಿಮಾನ್ ಲಾರಿ ಜರ್ಮನಿಯ ಎಂಎಎನ್ ಕಂಪನಿಯ ಲೈಸೆನ್ಸಿನಲ್ಲಿ 1959ರಿಂದ ಜಬಲ್ಪುರದಲ್ಲಿ ತಯಾರಾಯಿತು. ನಿಸಾನ್ ಪೆಟ್ರೋಲ್ ಎಂಜಿನ್ನಿನ, ಜೀಪಿನಂಥ ಸೇನಾ ಗಾಡಿ ಜೋಂಗಾ ಅಲ್ಲಿಂದಲೇ 1999ರವರೆಗೂ ಬಂತು. ಇವೆಲ್ಲ ಮರದ ತೇರು. ಸಂಗ್ರಹದಲ್ಲಿ ಇಂಥವು ಎರಡಿದ್ದರೆ ಒಂದನ್ನು ಮುಟ್ಟದೆ ಇಡಿ, ಇನ್ನೊಂದನ್ನು ಓಡಿಸಿ.

1965ರ ಯುದ್ಧದಲ್ಲಿ ಪಂಜಾಬಿನ ಅಸಲ್ ಉತ್ತಾರ್‌ನಲ್ಲಿ ಸಿಕ್ಕಿದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು ಬೇರೆ ಜಾತಿ. ಗುಂಡು ಹೊಕ್ಕ ತೂತೇ ಅಂಥ ಟ್ಯಾಂಕಿನ ಕತೆ. ತೂತಿಗೆ ತಗಡು ಬೆಸೆದು, ಬೇರೆ ಎಂಜಿನ್ ಕೂರಿಸಿ ಮೆರವಣಿಗೆ ಮಾಡಿದರೆ ಕತೆ ಅಳಿಸಿದಂತೆ. ಅಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ. ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿ ಟೈಗರ್ 131 ಅಂತ ಒಂದು ಜರ್ಮನ್ ಟ್ಯಾಂಕ್ ಇದೆ. 1943ರ ಏಪ್ರಿಲ್‌ನಲ್ಲಿ ಟ್ಯುನೀಶಿಯಾದಲ್ಲಿ ಸೆರೆಸಿಕ್ಕಿದ್ದು. ಓಡುವ ಸ್ಥಿತಿಯ ಟೈಗರ್-1 ಜಗತ್ತಿನಲ್ಲಿ ಅದೊಂದೇ. ಅವರು ವರ್ಷದಲ್ಲಿ ಬೆರಳೆಣಿಕೆಯ ದಿನ ಅದನ್ನು ಓಡಿಸುತ್ತಾರೆ. ಅವರ ಕಾಳಜಿ ನೋಡಿ ಗೌರವ ಬರುತ್ತದೆ. ಆದರೂ ನನ್ನ ಕೈಗೆ ಕೊಟ್ಟರೆ ನಾನು ಓಡಿಸಲಾರೆ.

‘ಹಳೆಯದು ಅಂತ ಏನು ಉಳಿಯುತ್ತದೆ’ ಎಂದು ಕೇಳಿದ್ದೀರಿ. ಮನೆ ಕಾರಿಗೆ ಈ ಪ್ರಶ್ನೆ ಸರಿ. ಸೇನೆಯ ಗಾಡಿಗೆ ಸ್ವಲ್ಪ ಬೇರೆ ಲೆಕ್ಕ. ಅದು ಸೇವೆಯಲ್ಲಿದ್ದಾಗಲೇ ಎಷ್ಟೋ ಸಲ ಬಿಚ್ಚಿ ಕಟ್ಟಿಸಿಕೊಂಡಿರುತ್ತದೆ. ಬೇಸ್ ವರ್ಕ್‌ಶಾಪಿಗೆ, ಅಂದರೆ ಸೇನೆಯ ದೊಡ್ಡ ರಿಪೇರಿ ಕಾರ್ಖಾನೆಗೆ, ಗಾಡಿ ಬಂದರೆ ಎಂಜಿನ್ ಒಂದು ಕಡೆ, ಗೇರ್ ಬಾಕ್ಸ್ ಇನ್ನೊಂದು ಕಡೆ ಹೋಗುತ್ತದೆ. ರಿಪೇರಿಯಾದ ಎಂಜಿನ್ ಯಾವ ಚಾಸಿಗೆ ಬೇಕೋ ಅದಕ್ಕೆ ಕೂರುತ್ತದೆ. ಫೋರ್ಡ್ ಮಾಡಿದ ಜೀಪಿನ ಬೋಲ್ಟುಗಳ ತಲೆಯ ಮೇಲೆ ಪುಟ್ಟದಾಗಿ ‘ಎಫ್’ ಅಕ್ಷರ ಇರುತ್ತದೆ. ನಾನು ನೋಡಿದ ಒಂದು ವಿಲ್ಲಿಸ್‌ನಲ್ಲಿ, ಬಲಗಡೆಯ ಫೆಂಡರ್ ಬಿಚ್ಚಿದಾಗ ಏಳು ಬೋಲ್ಟಿನಲ್ಲಿ ಮೂರಕ್ಕೆ ‘ಎಫ್’ ಇತ್ತು. ಯಾವುದೋ ಶೆಡ್ಡಿನಲ್ಲಿ, ಯಾವುದೋ ಸಿಪಾಯಿ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿದ್ದಾನೆ. ಆ ಮೂರು ಬೋಲ್ಟುಗಳನ್ನು ‘ತಪ್ಪು’ ಎಂದು ತೆಗೆಯಬಾರದು. ಅವೂ ಆ ಗಾಡಿಯ ಚರಿತ್ರೆಯೇ.

ಹಾಗಾಗಿ ಭಾಗ ಬದಲಾಯಿಸುವುದು ಪಾಪವಲ್ಲ, ಬರೆದಿಡದೆ ಬದಲಾಯಿಸುವುದು ಪಾಪ. ಬಿಚ್ಚುವ ಮುಂಚೆ ಫೋಟೊ ತೆಗೆಯಬೇಕು. ಹಳೆಯ ಭಾಗವನ್ನು ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿ ಇಡಬೇಕು. ಹೊಸದಾಗಿ ಲೇತ್‌ನಲ್ಲಿ ಮಾಡಿಸಿದ ಭಾಗದ ಮೇಲೆ, ಹೊರಗೆ ಕಾಣದ ಕಡೆ, ಇಸವಿ ಕುಟ್ಟಿಸಬೇಕು. ಐವತ್ತು ವರ್ಷ ಆದಮೇಲೆ ಬಿಚ್ಚಿದವನಿಗೆ ಯಾವುದು ಹಳೆಯದು, ಯಾವುದು ನಮ್ಮದು ಎಂದು ಗೊತ್ತಾಗಬೇಕು.

ಇನ್ನು ನಿಲ್ಲಿಸಿದರೆ ಸಾಲದೇ ಎಂಬ ಮಾತು. ನಿಂತ ಗಾಡಿಯೂ ಹಾಳಾಗುತ್ತದೆ ಸ್ವಾಮಿ, ಸದ್ದಿಲ್ಲದೆ ಹಾಳಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಂಡು ವೀಲ್ ಸಿಲಿಂಡರನ್ನು ಒಳಗಿನಿಂದ ತಿನ್ನುತ್ತದೆ. ಆಯಿಲ್ ಸೀಲ್ ಒಣಗಿ ಸೀಳುತ್ತದೆ. ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗುತ್ತದೆ. ಪಾರ್ಕಿನಲ್ಲಿ ಬಯಲಿಗೆ ಇಟ್ಟ ಟ್ಯಾಂಕಿನ ಹೊಟ್ಟೆಯಲ್ಲಿ ಮಳೆನೀರು ನಿಲ್ಲುತ್ತದೆ. ಜನವರಿ 26 ಬಂತೆಂದು ಮೇಲೆ ಇನ್ನೊಂದು ಕೋಟ್ ಬಣ್ಣ ಬೀಳುತ್ತದೆ, ಒಳಗೆ ತುಕ್ಕು ತನ್ನ ಪಾಡಿಗೆ ತಿನ್ನುತ್ತಿರುತ್ತದೆ.

ಆದರೆ ಅರ್ಧಂಬರ್ಧ ಓಡಿಸುವುದು ನಿಲ್ಲಿಸುವುದಕ್ಕಿಂತ ಕೆಟ್ಟದ್ದು. ಇದನ್ನು ನಮ್ಮ ಮನೆಯ ಅನುಭವದಿಂದಲೇ ಹೇಳುತ್ತೇನೆ. ಸಕಲೇಶಪುರದ ಕಡೆ ನನ್ನ ಸೋದರಮಾವನ ಹತ್ತಿರ ಸೇನೆ ಮಾರಿಬಿಟ್ಟ ಒಂದು ಡಿಸ್ಪೋಸಲ್ ಜೀಪು ಇತ್ತು. ತೋಟದ ಕೆಲಸಕ್ಕೆ ಬೇರೆ ಗಾಡಿ ಬಂದಮೇಲೆ ಅದು ಶೆಡ್ಡು ಸೇರಿತು. ಪ್ರೀತಿಯಿಂದ ಪ್ರತಿ ಭಾನುವಾರ ಸ್ಟಾರ್ಟ್ ಮಾಡುತ್ತಿದ್ದರು. ಐದು ನಿಮಿಷ ಗುರ್ ಅನ್ನಿಸಿ, ಸದ್ದು ಕೇಳಿ ಖುಷಿಪಟ್ಟು, ಆಫ್. ರಜೆಗೆ ಹೋದಾಗ ನಾನೂ ಎಷ್ಟೋ ಸಲ ಹಾಗೆ ಮಾಡಿದ್ದೇನೆ. ಕೆಲವು ವರ್ಷ ಆದಮೇಲೆ ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಅಂದರೆ ಸಂಪ್, ಬಿಚ್ಚಿಸಿದರೆ ಆಯಿಲ್ ಬದಲು ಹಾಲು ಹಾಕಿದ ಕಾಫಿ ಬಣ್ಣದ, ಮೊಸರಿನಂಥ ಗಟ್ಟಿ ಪದಾರ್ಥ. ಸೈಲೆನ್ಸರ್ ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಯಿತು.

ಕಾರಣ ಸರಳ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಆ ಆವಿ ಹೊರಗೆ ಹೋಗುತ್ತದೆ. ತಣ್ಣಗಿದ್ದಾಗಲೇ ಆಫ್ ಮಾಡಿದರೆ ಒಳಗೇ ನೀರಾಗಿ ಆಯಿಲ್ ಜತೆ ಸೇರುತ್ತದೆ. ಹಾಗಾಗಿ ಸ್ಟಾರ್ಟ್ ಮಾಡಿದ ಮೇಲೆ ಅರ್ಧ ಗಂಟೆಯಾದರೂ ಓಡಿಸಿ. ನಿಂತಲ್ಲೇ ಅಲ್ಲ, ಎಲ್ಲ ಗೇರಿನಲ್ಲಿ, ಬ್ರೇಕ್ ಹಿಡಿದು, ಫೋರ್ ವೀಲ್ ಡ್ರೈವ್ ಹಾಕಿ ತೆಗೆದು. ಅಷ್ಟು ಪುರಸೊತ್ತು ಇಲ್ಲದ ದಿನ ಮುಟ್ಟಲೇಬೇಡಿ. ಪ್ಲಗ್ ಬಿಚ್ಚಿ, ಎರಡು ಹನಿ ಆಯಿಲ್ ಬಿಟ್ಟು, ಕೈಯಲ್ಲಿ ಎಂಜಿನ್ ತಿರುಗಿಸಿಟ್ಟರೆ ಸಾಕು.

ಪೆಟ್ರೋಲ್ ವಿಷಯ ಈಗ ಇನ್ನೂ ತಲೆನೋವು. ಬಂಕ್‌ನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆಸಿದ್ದು. ಅದು ನೀರು ಹೀರುತ್ತದೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮು, ಕಾರ್ಕ್ ಪ್ಯಾಕಿಂಗ್ ಎಲ್ಲವನ್ನೂ ಹಾಳುಮಾಡುತ್ತದೆ. ಎಥೆನಾಲ್ ತಡೆಯುವ ರಬ್ಬರ್ ಹಾಕಿಸಬೇಕು. ಓಡಿಸಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಇಡಬೇಕು. ವಿಲ್ಲಿಸ್‌ನಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಅಡಿಯಲ್ಲೇ. ಸೀಟಿನ ಮೆತ್ತೆ ಎತ್ತಿ ಪೆಟ್ರೋಲ್ ಹಾಕಬೇಕು. ಅಲ್ಲಿ ಪೈಪು ಸೀಳಿದರೆ ಏನಾದೀತು ಯೋಚಿಸಿ.

ಜೀವಕ್ಕೆ ಸಂಬಂಧಿಸಿದ ಇನ್ನೂ ಕೆಲವು ಮಾತು ಹೇಳಲೇಬೇಕು. ಯುದ್ಧಕಾಲದ ಜೀಪಿನ ಚಕ್ರಗಳಲ್ಲಿ ಎರಡು ಹೋಳನ್ನು ನಟ್ಟಿನಿಂದ ಬಿಗಿದ ರಿಮ್ ಇರುತ್ತದೆ. ಗಾಳಿ ಪೂರ್ತಿ ತೆಗೆಯದೆ ಆ ನಟ್ಟು ಮುಟ್ಟಿದರೆ ರಿಮ್ ಸಿಡಿದು ಪ್ರಾಣ ಹೋಗುತ್ತದೆ. ಹಳೆಯ ಮೀಟರುಗಳ ಹೊಳೆಯುವ ಮುಳ್ಳಿಗೆ ರೇಡಿಯಂ ಬಣ್ಣ ಬಳಿದಿರುವುದುಂಟು. ಹೊಳಪು ಯಾವತ್ತೋ ಹೋಗಿರುತ್ತದೆ, ರೇಡಿಯಂ ಹೋಗಿರುವುದಿಲ್ಲ. ಅದು ಅರ್ಧಕ್ಕಿಳಿಯಲು 1600 ವರ್ಷ ಬೇಕು. ಆ ಗಾಜನ್ನು ಬಿಚ್ಚಬೇಡಿ, ಒರೆಸಬೇಡಿ, ಕೆರೆಯಬೇಡಿ. ಹಳೆಯ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಪುಡಿಯನ್ನು ಏರ್ ಹಿಡಿದು ಊದಬೇಡಿ.

ನೀವು ಬರೆದದ್ದರಲ್ಲಿ ನನಗೆ ಜಾಸ್ತಿ ಕಸಿವಿಸಿಯಾದದ್ದು ‘ಒಳ್ಳೆ ಬಣ್ಣ ಬಳಿದು’ ಎಂಬ ಮಾತಿಗೆ. ದಯವಿಟ್ಟು ಬೇಡ. ಹಳೆಯ ಬಣ್ಣದ ಅಡಿಯಲ್ಲಿ ಇನ್ನೊಂದು ಬಣ್ಣ ಇರುತ್ತದೆ, ಅದರಡಿ ಮತ್ತೊಂದು. ನೀರು ಕಾಗದ (ನೀರಲ್ಲಿ ನೆನೆಸಿ ಉಜ್ಜುವ ಮರಳು ಕಾಗದ) ಹಿಡಿದು, ಅಂಗೈಯಗಲ ಜಾಗವನ್ನು ನಿಧಾನಕ್ಕೆ ಉಜ್ಜಿದರೆ ಮರದ ಸುತ್ತುಗಳ ಹಾಗೆ ಪದರಗಳು ಕಾಣುತ್ತವೆ. ನಾನು ಹೇಳಿದ ಅದೇ ವಿಲ್ಲಿಸ್‌ನ ಬಂಪರಿನಲ್ಲಿ ಮೂರನೇ ಪದರದ ಅಡಿಯಿಂದ ಮೇಲ್ಮುಖ ಬಾಣದ ಗುರುತು ಎದ್ದುಬಂತು. ಪಕ್ಕದಲ್ಲಿ ಕೈಯಲ್ಲೇ ಬರೆದ, ಸ್ವಲ್ಪ ವಾಲಿದ ಅಂಕಿಗಳು. ಸೇನೆಯ ನಂಬರಿನಲ್ಲಿ ಬಾಣ ಆದಮೇಲೆ ಬರುವ ಎರಡಂಕಿ ಗಾಡಿ ಸೇರಿದ ವರ್ಷ. ಉಜ್ಜುತ್ತಿದ್ದ ಹುಡುಗ ಕೆಲಸ ನಿಲ್ಲಿಸಿ ಎಲ್ಲರನ್ನೂ ಕೂಗಿ ಕರೆದ. ಮೊದಲೇ ಮರಳು ಊದಿ ಬಣ್ಣ ಕೀಳುವ ಸ್ಯಾಂಡ್ ಬ್ಲಾಸ್ಟ್ ಮಾಡಿಸಿದ್ದರೆ ಅದು ಹತ್ತು ಸೆಕೆಂಡಿನಲ್ಲಿ ಧೂಳಾಗುತ್ತಿತ್ತು.

ಕಾನೂನಿನ ಮಾತು ಚಿಕ್ಕದಾಗಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಎರಡು, ನಾಲ್ಕು ಚಕ್ರದ ಖಾಸಗಿ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ರಾಜ್ಯದ ಅಕ್ಷರದ ಪಕ್ಕ ‘ವಿಎ’ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸಲು ಒಯ್ಯಬಹುದು, ದಿನಾ ಓಡಿಸುವಂತಿಲ್ಲ. ಸೇನೆಯದ್ದಲ್ಲದ ಗಾಡಿಗೆ ಆಲಿವ್ ಗ್ರೀನ್ ಬಣ್ಣ ಬಳಿಯಬಾರದು ಎಂಬ ನಿಯಮವೂ ಇದೆ. ಆ ಬಣ್ಣದ ಗಾಡಿ ಮ್ಯೂಸಿಯಂನ ಕಾಂಪೌಂಡಿನೊಳಗೆ ಓಡಲಿ, ರಸ್ತೆಗಿಳಿಯುವುದು ಬೇಡ.

ಇಷ್ಟೆಲ್ಲ ತೊಂದರೆ ಯಾಕೆ ಅಂತೀರಾ? ನಮ್ಮ ಊರಿನ ಕೈಗಳಿಗಾಗಿ. ಸೇನಾ ಎಂಜಿನಿಯರುಗಳ ಎಂಇಜಿ, ಸೇನೆಯ ಸಾಗಣೆ-ಪೂರೈಕೆಯ ಎಎಸ್‌ಸಿ ಸೆಂಟರ್, 515 ಆರ್ಮಿ ಬೇಸ್ ವರ್ಕ್‌ಶಾಪ್, 1940ರ ಎಚ್‌ಎಎಲ್, ಟಾಟ್ರಾ ಲಾರಿ ಕಟ್ಟಿದ ಬೆಮೆಲ್ ಎಲ್ಲ ಬೆಂಗಳೂರಿನವೇ. ಅಲ್ಲಿ ದುಡಿದು ನಿವೃತ್ತರಾದ ಫಿಟ್ಟರುಗಳು ತಿಪ್ಪಸಂದ್ರ, ಹಲಸೂರು, ವಿಮಾನಪುರದ ಮನೆಗಳಲ್ಲಿದ್ದಾರೆ. ಜೆ.ಸಿ. ರಸ್ತೆಯಲ್ಲಿ ಬೇರಿಂಗ್ ನಂಬರ್ ನೋಡದೆ ಕೈಯಲ್ಲಿ ತೂಗಿ ಹೇಳುವವರಿದ್ದಾರೆ. ಶಿವಾಜಿನಗರದ ಗುಜರಿಯಲ್ಲಿ ಜೋಂಗಾದ ಕಾರ್ಬೊರೇಟರ್ ಹುಡುಕಿಕೊಡುವವರಿದ್ದಾರೆ. ಪೀಣ್ಯದಲ್ಲಿ ಒಂದೇ ಒಂದು ಗೇರ್ ಬೇಕೆಂದರೂ ಬೇಸರಿಸದೆ ಕಡೆದುಕೊಡುವ ಲೇತ್ ಶೆಡ್ಡುಗಳಿವೆ. ಗಾಡಿ ನಿಂತರೆ ಇವರನ್ನು ಕೇಳುವವರೇ ಇಲ್ಲ.

ಹ್ಯಾಂಡಲ್ ಹಾಕಿ ಜೀಪು ಸ್ಟಾರ್ಟ್ ಮಾಡುವುದನ್ನೇ ನೋಡಿ. ನನಗೆ ಕಲಿಸಿದ ಹಿರಿಯ ಮೆಕ್ಯಾನಿಕ್ ಮೊದಲು ಹ್ಯಾಂಡಲ್ ಕೊಡಲೇ ಇಲ್ಲ, ನನ್ನ ಹೆಬ್ಬೆರಳು ಹಿಡಿದು ಉಳಿದ ಬೆರಳುಗಳ ಪಕ್ಕಕ್ಕೆ ಮಡಿಸಿದರು. ಹೆಬ್ಬೆರಳು ಸುತ್ತಿ ಹಿಡಿದರೆ ಎಂಜಿನ್ ಹಿಂದಕ್ಕೆ ಒದ್ದಾಗ ಮೂಳೆ ಮುರಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ಮೂರನೇ ಎಳೆತಕ್ಕೆ ಎಂಜಿನ್ ಹತ್ತಿತು. ಇದನ್ನು ಬೋರ್ಡಿನ ಮೇಲೆ ಬರೆಯಬಹುದು. ಆದರೆ ಕಂಪ್ರೆಶನ್ ಕೈಗೆ ತಗಲುವ ಆ ಗಳಿಗೆ ಬೋರ್ಡಿನಲ್ಲಿ ಹೇಗೆ ಬರೆಯುತ್ತೀರಿ?

ನಿಮ್ಮ ತಂದೆಯವರ ವಿಷಯಕ್ಕೆ ಬರುತ್ತೇನೆ. ಲೋಡ್ ತುಂಬಿದ ಶಕ್ತಿಮಾನ್‌ನ್ನು ಘಾಟಿಯಲ್ಲಿ ಗೇರ್ ಇಳಿಸುವುದು, ಸದ್ದು ಕೇಳಿ ಡಬಲ್ ಕ್ಲಚ್ (ಒಂದು ಗೇರಿಗೆ ಎರಡು ಸಲ ಕ್ಲಚ್) ಒತ್ತುವುದು, ಇವೆಲ್ಲ ಅವರ ಕಾಲಲ್ಲಿ, ಕಿವಿಯಲ್ಲಿ ಇದೆ. ಕನಕಪುರ ರಸ್ತೆಯ ಆಚೆ ನನಗೆ ಪರಿಚಯದವರ ಸಂಗ್ರಹದಲ್ಲಿ ಒಂದು ಶಕ್ತಿಮಾನ್ ಇದೆ. ಹೋದ ವರ್ಷ ಪಂಪ್ ಕೆಲಸ ಮುಗಿಸಿ ಓಡುವ ಹಾಗೆ ಮಾಡಿದ್ದಾರೆ. ಆದರೆ ಅಲ್ಲಿರುವ ಹುಡುಗರಿಗೆ ಗೇರು ಹಾಕುವಾಗಲೆಲ್ಲ ಕರಕರ ಸದ್ದು. ಒಂದು ಭಾನುವಾರ ಬೆಳಿಗ್ಗೆ ತಂದೆಯವರನ್ನು ಕರೆದುಕೊಂಡು ಬನ್ನಿ. ಅವರು ಓಡಿಸಬೇಕೆಂದಿಲ್ಲ, ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ ಸಾಕು. ನಾವು ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಅವರ ಹತ್ತಿರ ಹಳೆಯ ಡ್ರೈವರ್ ಪುಸ್ತಕ, ಟೂಲ್ ಪಟ್ಟಿ ಏನಾದರೂ ಉಳಿದಿದ್ದರೆ ತನ್ನಿ. ಅಲ್ಲೇ ಫೋಟೊ ತೆಗೆದು ವಾಪಸ್ ಕೊಡುತ್ತೇವೆ. ಕ್ಯಾಬಿನ್ ಎತ್ತರ ಜಾಸ್ತಿ, ಹತ್ತಲು ಗಟ್ಟಿಯಾದ ಸ್ಟೂಲ್ ಇಡಲು ಈಗಲೇ ಹೇಳಿದ್ದೇನೆ.